ಗಾಲಿಗೆ ಕಲ್ಲು ಕೊಡದ ಆಯುಧಪೂಜೆ

ಆಲೂರು ಕಡೆಯ ನಮ್ಮ ತೋಟಗಳಿಗೆ ಜೀಪು ಬಂದರೂ ಮಕ್ಕಳು ಹಿಂದೆ ಓಡುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ನಮ್ಮ ಎಸ್ಟೇಟಿನಲ್ಲಿ ವಿಮಾನವೇ ಇತ್ತು. ಇಬ್ಬರು ಕೂರುವ ಪುಟ್ಟ ವಿಮಾನ, ಸಾಹುಕಾರರ ಶೋಕಿ. ಹಾರಿಸುತ್ತಿದ್ದವನು, ಉಜ್ಜಿ ಒರೆಸುತ್ತಿದ್ದವನು ನನ್ನ ಚಿಕ್ಕಪ್ಪ. ಅದರ ರೆಕ್ಕೆಯ ನೆರಳಿನಲ್ಲಿ ನಾವು ಕುಂಟೆಬಿಲ್ಲೆ ಆಡುತ್ತಿದ್ದೆವು.

ಬರೀ ಕೀಲಿ ತಿರುಗಿಸಿದರೆ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಒಬ್ಬರು ಒಳಗೆ ಕೂತು ಬ್ರೇಕ್ ತುಳಿಯಬೇಕು. ಇನ್ನೊಬ್ಬರು ಮೂತಿಯ ಪಂಕವನ್ನು, ಅಂದರೆ ಪ್ರೊಪೆಲ್ಲರನ್ನು, ಕೈಯಿಂದ ಎಳೆದು ತಿರುಗಿಸಿ, ತಕ್ಷಣ ಹಿಂದಕ್ಕೆ ಸರಿಯಬೇಕು. ಒಳಗೆ ಕೂರುತ್ತಿದ್ದವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ. ಉರುಳದಂತೆ ಗಾಲಿಗೆ ಕಲ್ಲು ಕೊಡದೆ ಚಿಕ್ಕಪ್ಪ ಪಂಕ ಮುಟ್ಟುತ್ತಿರಲಿಲ್ಲ.

ಆ ಆಯುಧಪೂಜೆಯಂದು ಅಜ್ಜಿ ಪಂಕಕ್ಕೆ ವಿಭೂತಿ ಎಳೆದಳು. ನನ್ನ ಲಂಗದ ಮಡಿಲ ತುಂಬ ಕಡ್ಲೆಪುರಿ. ಪೆಟ್ರೋಲ್ ಇದೆಯೆಂದು ಚಿಕ್ಕಪ್ಪ ಕರ್ಪೂರವನ್ನು ದೂರದಲ್ಲೇ ಹಚ್ಚಿಸಿದ. ಎಲ್ಲರ ಎಚ್ಚರವೂ ಬೆಂಕಿಯ ಮೇಲೆಯೇ ಇತ್ತು. ಪೂಜೆಯಾದ ಗಾಡಿ ನಿಂಬೆಹಣ್ಣು ತುಳಿದೇ ಹೊರಡಬೇಕೆಂದು ಅಜ್ಜಿ ಗಾಲಿಗಳ ಮುಂದೆ ಒಂದೊಂದು ಇಟ್ಟಳು.

"ಕಲ್ಲು ಅಡ್ಡ ಇದ್ರೆ ಹೆಂಗೋ ತುಳಿಯುತ್ತೆ? ತೆಗಿ ಅದ."

"ಇದೇನು ಲಾರಿನಾ ಅವ್ವ? ಸ್ಟಾರ್ಟ್ ಆಗ್ಲಿ, ಆಮೇಲೆ ತೆಗಿತೀನಿ."

ಅಜ್ಜಿಯ ಮುಖ ಸಣ್ಣದಾಯಿತು. ಚಿಕ್ಕಪ್ಪ ನಕ್ಕು, ಕಾಲಿನಿಂದಲೇ ಕಲ್ಲು ಸರಿಸಿದ.

"ಅಣ್ಣ, ಗಟ್ಟಿಯಾಗಿ ತುಳ್ಕಂಡಿರು."

"ತುಳ್ದಿದೀನಿ, ಎಳಿ ಮಾರಾಯ."

ಯಾವಾಗಲೂ ನಾಲ್ಕೈದು ಸಲ ಎಳೆಸಿಕೊಳ್ಳುತ್ತಿದ್ದ ಇಂಜಿನ್ ಅಂದು ಮೊದಲ ಎಳೆತಕ್ಕೇ ಗುಡುಗಿತು. ಇಳಿಜಾರಿನ ಹುಲ್ಲು ಮಳೆಗೆ ಒದ್ದೆಯಾಗಿತ್ತು. ಗಾಲಿಗಳು ತಿರುಗಲಿಲ್ಲ, ಜಾರಿದವು. ನಿಂಬೆಹಣ್ಣು ಅಪ್ಪಚ್ಚಿಯಾಗದೆ ಮುಂದಕ್ಕೆ ಉರುಳಿದ್ದನ್ನು ನಾನೇ ಕಂಡೆ. ಅಪ್ಪ ಬ್ರೇಕ್ ಬಿಟ್ಟಿರಲಿಲ್ಲ. ಚಿಕ್ಕಪ್ಪ ಹಿಂದಕ್ಕಿಟ್ಟ ಹೆಜ್ಜೆ ಸಾಲಲಿಲ್ಲ, ಪಂಕ ಬಡಿಯಿತು.

ಸಕಲೇಶಪುರದ ಆಸ್ಪತ್ರೆ ಮುಟ್ಟುವ ಮೊದಲೇ, ಜೀಪಿನಲ್ಲೇ ಅವನ ಉಸಿರು ನಿಂತಿತು.

ಈಗಲೂ ಕಣ್ಣು ಮುಚ್ಚಿದರೆ ನಾನು ಓಡಿಹೋಗಿ ಕಲ್ಲು ಕೊಡಲು ಬಗ್ಗುತ್ತೇನೆ. ಅಷ್ಟರಲ್ಲಿ ಇಂಜಿನ್ ಸ್ಟಾರ್ಟ್ ಆಗಿಬಿಡುತ್ತದೆ.

ಅಜ್ಜಿ ಆಮೇಲೆ ಬದುಕಿದ್ದಷ್ಟು ದಿನ ಯಾರಿಗೂ ಏನನ್ನೂ ಮಾಡೆಂದು ಹೇಳಲಿಲ್ಲ. ತಿಥಿ ಕಳೆದ ಮೇಲೆ ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದಳು, "ನೀವು ಬ್ರೇಕ್ ತುಳ್ದೇ ಇದ್ರಿ ಭಾವ. ನಂಗೊತ್ತು. ಊಟಕ್ಕೆ ಬನ್ನಿ."

"ಇನ್ನೂ ಗಟ್ಟಿಯಾಗಿ ತುಳೀಬೇಕಿತ್ತು ಕಣವ್ವ," ಎಂದು ಅಪ್ಪ ಜಗಲಿಗೆ ಹೋದ.

ಅಲ್ಲಿಯವರೆಗೆ ನಾವೆಲ್ಲ ಒಂದೇ ಸಾಲಿನಲ್ಲಿ ಕೂತು, ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕಿ ಉಣ್ಣುತ್ತಿದ್ದ ಮನೆ ಅದು. ಅವತ್ತಿನಿಂದ ಇವತ್ತಿನವರೆಗೂ ಚಿಕ್ಕಮ್ಮ ಅಪ್ಪನ ಊಟವನ್ನು ಜಗಲಿಯಲ್ಲಿಟ್ಟು ಒಳಗೆ ಬರುತ್ತಾಳೆ. ಅವಳು ಮರೆಯಾದ ಮೇಲೆಯೇ ಅವನು ತಟ್ಟೆಗೆ ಕೈ ಹಾಕುವುದು.