ಮುರಿದ ರೊಟ್ಟಿ

ಸುಮಂಗಲಾ ಗೋಪಮ್ಮನನ್ನು ಮೊದಲು ಕಂಡದ್ದು ಜನವರಿಯ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಮಾನ್ವಿಯ ಒಂದು ಆರೋಗ್ಯ ಕೇಂದ್ರಕ್ಕೆ ಆಹಾರ ಸಲಹೆಗಾರ್ತಿಯಾಗಿ ಸೇರಿ ಅವಳಿಗೆ ಆಗ ಇಪ್ಪತ್ತು ದಿನವಾಗಿತ್ತು. ಮೇಜಿನ ಮೇಲೆ ಹೊಸ ರಿಜಿಸ್ಟರು, ಎರಡು ಬಣ್ಣದ ಪೆನ್ನು, ಅಚ್ಚಾದ ಆಹಾರ ಪಟ್ಟಿಗಳ ಒಂದು ಕಟ್ಟು. ಹೊರಗೆ ಆಟೋ ಬಂದು ನಿಂತ ಸದ್ದಾಯಿತು. ಮೊದಲು ಊರುಗೋಲು ಹೊರಬಂತು, ಆಮೇಲೆ ಬಗ್ಗದ ಬಲಗಾಲು, ಆಮೇಲೆ ಮಗಳ ಕೊರಳಿಗೆ ಹಾಕಿದ ಎರಡು ಕೈ. ಬಲಗಾಲಿನ ಚಪ್ಪಲಿ ಜಾರದಂತೆ ಹಳೆಯ ಸೀರೆಯ ಅಂಚಿನಿಂದ ಪಾದಕ್ಕೆ ಬಿಗಿದಿತ್ತು. ಎರಡೂ ಮುಂಗೈಗಳಲ್ಲಿ ಸುಟ್ಟ ಹಳೆಯ ಕಲೆಗಳು. ಇವೆಲ್ಲ ಸುಮಂಗಲಾಳಿಗೆ ಈಗ ಒಂದೊಂದಾಗಿ ನೆನಪಾಗುತ್ತವೆ. ಅವತ್ತು ಅವಳು ಇದ್ಯಾವುದನ್ನೂ ಗಮನವಿಟ್ಟು ನೋಡಿದ್ದಿಲ್ಲ. ತಲೆ ತಗ್ಗಿಸಿ ಪಟ್ಟಿಯ ಮೊದಲ ಸಾಲನ್ನು ಓದಿದ್ದಳು.

"ದಿನಾ ಅರ್ಧ ತಾಸು ಜೋರಾಗಿ ನಡೀಬೇಕ್ರಿ."

ಬೆಂಚಿನ ಮೇಲೆ ಕೂತವರು ಮುಸಿಮುಸಿ ನಕ್ಕರು. ಮಗಳು ಐಶ್ವರ್ಯ ಮುಖ ಬಿಗಿದು, "ಮೇಡಂ, ನಮ್ಮವ್ವಗ ಕಾಲು ಬಗ್ಗಂಗಿಲ್ರಿ. ಎಂಟು ವರ್ಷದ ಹಿಂದ ಹತ್ತಿ ಬಿಡಿಸಿ ಬರಾಗ ಟ್ರ್ಯಾಲಿ ಪಲ್ಟಿ ಆತು. ಸೊಂಟದಾಗ ರಾಡ್ ಅದ," ಎಂದಳು.

ಆಮೇಲೆ ಅವಳೇ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ರಾಯಚೂರಿನ ಎಲುಬಿನ ಡಾಕ್ಟರು ಬರೆದಿದ್ದರು: ಮತ್ತೆ ಆಪರೇಷನ್ ಮಾಡಿದರೆ ಉಪಯೋಗವಿಲ್ಲ, ನಡೆಯುವ ವ್ಯಾಯಾಮ ಬೇಡ, ಊಟದಲ್ಲೇ ಹತ್ತು ಕಿಲೋ ಇಳಿಸಬೇಕು. ಇಳಿದರೆ ಹಗ್ಗವನ್ನೋ ಗೋಡೆಯನ್ನೋ ಹಿಡಿದು ತನ್ನ ಕೈಬಲದಿಂದಲೇ ಏಳಬಹುದು. ಈಗ ಸಂಡಾಸಿಗೆ ಹೋಗಬೇಕಾದರೂ ಮಗಳು ಕಂಕುಳಿಗೆ ಕೈ ಕೊಟ್ಟು ಎತ್ತಬೇಕು. ಗಂಡ ತೀರಿಹೋಗಿದ್ದಾನೆ. ಬೇರೆ ಮಕ್ಕಳಿಲ್ಲ.

"ಈ ವರ್ಷ ಬಿ.ಎಡ್. ಸೇರಬೇಕಂತ ಮಾಡೀನ್ರಿ, ರಾಯಚೂರಾಗ," ಎಂದಳು ಐಶ್ವರ್ಯ. "ಹಾಸ್ಟೆಲ್‌ನಾಗ ಇರಬೇಕಾಗ್ತದ. ದಸರಾ ಆದ ಮ್ಯಾಲ ಕಾಲೇಜು ಸುರು. ಅಷ್ಟ್ರೊಳಗ ಅವ್ವ ತಾನ ಏಳಂಗಾದ್ರ ಹೋಗ್ತೀನಿ. ಇಲ್ಲಂದ್ರ ಇಲ್ಲ."

ಗೋಪಮ್ಮ ನೆಲ ನೋಡುತ್ತ ಕೂತಿದ್ದಳು.

ತೂಕ ನೋಡಬೇಕಾಗಿತ್ತು. ಕೇಂದ್ರದಲ್ಲಿದ್ದದ್ದು ಎರಡು ಪಾದ ಮಾತ್ರ ಹಿಡಿಸುವ ಸಣ್ಣ ಯಂತ್ರ. ಗೋಪಮ್ಮ ಗೋಡೆ ಹಿಡಿದು ನಿಂತರೆ ಮುಳ್ಳು ಅರವತ್ತು ತೋರಿಸುತ್ತಿತ್ತು, ಗೋಡೆ ಬಿಟ್ಟರೆ ಅವಳೇ ವಾಲುತ್ತಿದ್ದಳು. ಸುಮಂಗಲಾಳಿಗೆ ಮಾತ್ರ ರಿಜಿಸ್ಟರಿನಲ್ಲಿ ಬರೆಯಲು ಸರಿಯಾದ ಅಂಕಿಯೇ ಬೇಕು. ಓದಿನ ಕಾಲದಿಂದಲೂ ಅವಳ ಸ್ವಭಾವ ಅದು, ಖಾಲಿ ಬಿಟ್ಟ ಕಾಲಂ ಕಂಡರೆ ಸಮಾಧಾನವಿಲ್ಲ. ರಸ್ತೆಯಾಚೆ ವಲಿ ಪಾಷಾ ಅವರ ಕಾಳಿನ ಅಂಗಡಿಯಿತ್ತು. ಅಂಗಡಿಯ ಮುಂದೆ ಚೀಲ ತೂಗುವ ಕಾಟಾ, ನೆಲದಿಂದ ಗೇಣೆತ್ತರದ ಕಬ್ಬಿಣದ ಹಲಗೆ. ಅವಳಿಗೆ ಅದು ಹೊಳೆದದ್ದೇ ತಡ, "ಬರ್ರಿ, ಅಲ್ಲಿ ಕುಂತ್ರ ಸಾಕು," ಎಂದು ಕರೆದುಕೊಂಡು ಹೋದಳು. ತನ್ನ ಜಾಣತನಕ್ಕೆ ತಾನೇ ಹಿಗ್ಗಿದ್ದಳು ಕೂಡ.

ಐಶ್ವರ್ಯ ತಾಯಿಯನ್ನು ಕಾಟಾದ ಮೇಲೆ ಇಳಿಸಿ ಕೂರಿಸಿದಳು. ಬಗ್ಗದ ಕಾಲು ಹಲಗೆಯ ಆಚೆ ಚಾಚಿತ್ತು.

"ಕಾಲು ನೆಲಕ್ಕ ಹತ್ತಬಾರದ್ರಿ, ತೂಕ ತಪ್ಪತದ," ಎಂದಳು ಸುಮಂಗಲಾ.

ಗೋಪಮ್ಮ ಎರಡೂ ಕೈಗಳಿಂದ ತನ್ನ ತೊಡೆಯನ್ನು ಎತ್ತಿ ಹಿಡಿದುಕೊಂಡಳು. ಕೆಂಪು ಅಂಕಿಗಳು ರಸ್ತೆಯ ಕಡೆಗೆ ಮುಖ ಮಾಡಿದ್ದವು. ತೊಗರಿ ಚೀಲ ಇಳಿಸುತ್ತಿದ್ದ ಹಮಾಲ ಸಿದ್ರಾಮ ಹೆಗಲ ಮೇಲಿನ ಚೀಲದೊಂದಿಗೇ ನಿಂತು ಕೂಗಿದ:

"ತೊಂಬತ್ನಾಕು ಆರನೂರು! ಮೇಡಂ, ಬಾರದಾನ ಕಳೀರಿ, ಬರೇ ಚೀಲದ್ದ ಒಂದು ಕಿಲೋ ಇರ್ತದ!"

ಅಂಗಡಿಯವರು ನಕ್ಕರು. ಚಹಾ ಕುಡಿಯುತ್ತಿದ್ದವರು ನಕ್ಕರು. ಗೋಪಮ್ಮನೂ ನಕ್ಕಳು. ಅವಳೇ ನಕ್ಕಮೇಲೆ ಏನಡ್ಡಿ ಅಂದುಕೊಂಡು ಸುಮಂಗಲಾಳೂ ನಕ್ಕುಬಿಟ್ಟಳು. ನಗುತ್ತಲೇ ಗೋಪಮ್ಮ ಸೆರಗನ್ನು ತಲೆಯಿಂದ ಹಣೆಗೆ, ಹಣೆಯಿಂದ ಮೂಗಿಗೆ ಎಳೆದುಕೊಂಡದ್ದನ್ನು ಅವಳು ನೋಡಿದ್ದಳು. ನೋಡಿದ್ದು ಅರ್ಥವಾಗಲು ಮೂರು ತಿಂಗಳು ಬೇಕಾಯಿತು.

ಗೋಪಮ್ಮನ ಕೆಲಸ ಖಡಕ್ ರೊಟ್ಟಿ ಮಾಡಿ ಮಾರುವುದು. ಅಪಘಾತವಾದ ಮೇಲೆ ಹೊಲದ ಕೂಲಿ ತಪ್ಪಿತ್ತು. ಕೂತು ಮಾಡುವ ಕೆಲಸ ಅವಳಿಗೆ ಅದೊಂದೇ ಉಳಿದಿತ್ತು. ಒಲೆಯ ಪಕ್ಕ ಕಾಲು ಚಾಚಿ ಬೆಳಿಗ್ಗೆ ಆರರಿಂದ ರೊಟ್ಟಿ ಬಡಿಯುತ್ತಾಳೆ. ಖಾನಾವಳಿಯವರು, ಮದುವೆ ಮನೆಯವರು ಒಯ್ಯುತ್ತಾರೆ. ಐಶ್ವರ್ಯ ಬಿ.ಎ. ಓದಿದ್ದು ಆ ರೊಟ್ಟಿಯಿಂದಲೇ.

ಏನೇನು ಊಟ ಮಾಡುತ್ತೀರಿ ಎಂದು ಸುಮಂಗಲಾ ಕೇಳಿದಾಗ ಗೋಪಮ್ಮ ಬೆರಳು ಮಡಚಿ ಹೇಳಿದ್ದಳು. ಬೆಳಿಗ್ಗೆ ಒಂದೂವರೆ ರೊಟ್ಟಿ, ಪಲ್ಯ. ಮಧ್ಯಾಹ್ನ ಒಂದು ರೊಟ್ಟಿ, ಒಂದು ಹಿಡಿ ಅನ್ನ. ರಾತ್ರಿಯೂ ಅಷ್ಟೇ. ಸಕ್ಕರೆ ಹಾಕಿದ ಚಹಾ ನಾಲ್ಕು ಸಲ. ಸುಮಂಗಲಾ ಎಲ್ಲವನ್ನೂ ಕೂಡಿಸಿದಳು. ಇಷ್ಟು ತಿಂದವರು ತೊಂಬತ್ನಾಲ್ಕು ಕಿಲೋ ಇರಲು ಬರುವುದಿಲ್ಲ ಅನ್ನಿಸಿತು. ರಾತ್ರಿ ಅನ್ನ ಬಿಡಿ, ಸಕ್ಕರೆ ಬಿಡಿ, ಪಲ್ಯ ಹೆಚ್ಚು ಮಾಡಿ ಎಂದು ಬರೆದುಕೊಟ್ಟಳು.

ಫೆಬ್ರವರಿಯಲ್ಲಿ ಮತ್ತೆ ಅದೇ ಕಾಟಾ, ಅದೇ ರಸ್ತೆ. ತೊಂಬತ್ತೈದು ಕಿಲೋ ಇನ್ನೂರು ಗ್ರಾಂ.

ಅವತ್ತು ಕೇಂದ್ರದಲ್ಲಿ ಜನ ಜಾಸ್ತಿ ಇದ್ದರು. ಸುಮಂಗಲಾ ರಿಜಿಸ್ಟರನ್ನು ಬಡಿದಂತೆ ಮುಚ್ಚಿ, ಎಲ್ಲರಿಗೂ ಕೇಳುವಂತೆ ಅಂದಳು:

"ಗಾಳಿ ಕುಡದು ಯಾರಿಗೂ ಮೈ ಬರಂಗಿಲ್ಲ. ಸುಳ್ಳು ಹೇಳಿದ್ರ ನನಗೇನು ನುಕ್ಸಾನ ಇಲ್ಲ. ಮಗಳ ಓದು ಹಾಳಾಗ್ತದ, ಅಷ್ಟ."

"ನಮ್ಮವ್ವನ ಆಣಿ ಮಾಡಿ ಹೇಳ್ತೀನವ್ವಾ, ನೀ ಬರದಷ್ಟ ಉಂಡೀನಿ."

"ಆಣಿ ಮಾಡಿದ್ರ ತೂಕ ಇಳೀತದೇನ್ರಿ?"

ಬೆಂಚಿನ ಮೇಲಿದ್ದವರು ಮತ್ತೆ ನಕ್ಕರು. ತಾಯಿ ಮಗಳು ಹೋದ ಮೇಲೆ ಸುಮಂಗಲಾ ಕೆಂಪು ಪೆನ್ನು ತೆಗೆದು, ಗೋಪಮ್ಮನ ಹೆಸರಿನ ಮುಂದೆ 'ಸಹಕರಿಸುವುದಿಲ್ಲ' ಎಂದು ಬರೆದಳು. ಅಕ್ಷರಗಳು ದುಂಡಗೆ ಬಂದಿದ್ದವು.

ಮಾರ್ಚಿನಲ್ಲಿ ಗೋಪಮ್ಮ ಬರಲಿಲ್ಲ. ಏಪ್ರಿಲ್ ಮೊದಲ ವಾರ ಐಶ್ವರ್ಯ ಒಬ್ಬಳೇ ಬಂದಳು, ಕೂರಲಿಲ್ಲ.

"ಮೇಡಂ, ಅವ್ವ ಒಂದ ಹೊತ್ತು ಉಣ್ಣಾಕತ್ತಾಳ. ಇಪ್ಪತ್ತು ದಿನ ಆತು. ನಿನ್ನಿ ಒಲಿ ಮುಂದ ಚಕ್ಕರ್ ಬಂದು ಹಂಚಿನ ಮ್ಯಾಲ ಕೈ ಇಟ್ಟಾಳ. ಆದ್ರೂ ಮೈ ಹಂಗ ಅದ. 'ನಾ ಸುಳ್ಳಿ ಅಲ್ಲ ಅಂತ ಆ ಹುಡುಗಿಗಿ ಹೇಳು' ಅಂತಾಳ. ನೀವು ಒಮ್ಮಿ ಮನಿಗಿ ಬಂದು ನೋಡ್ರಿ. ಬರೋದಿಲ್ಲಂದ್ರ ಅದನ್ನರ ಹೇಳ್ರಿ."

ಮರುದಿನ ಸುಮಂಗಲಾ ಹೋದಳು. ಒಂದೇ ಕೋಣೆ, ಮೇಲೆ ಮರದ ಜಂತಿ, ಜಂತಿಗೆ ಗಂಟು ಗಂಟಾಗಿ ಕಟ್ಟಿದ ದಪ್ಪ ಹಗ್ಗ. ಅದನ್ನು ಹಿಡಿದು ಏಳಲೆಂದೇ ಐಶ್ವರ್ಯ ಜನವರಿಯಲ್ಲಿ ಕಟ್ಟಿದ್ದಳು. ಗೋಪಮ್ಮನ ಎಡಗೈಗೆ ಬಟ್ಟೆ ಸುತ್ತಿತ್ತು. ಬಲಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. "ಕುಂದರ್ರಿ," ಎಂದು ಮತ್ತೆ ಹಂಚಿನ ಕಡೆ ತಿರುಗಿದಳು.

ಸುಮಂಗಲಾ ಗೋಡೆಗೆ ಒರಗಿ ಮೂರು ತಾಸು ಕೂತಳು. ಹಂಚಿನಿಂದ ತೆಗೆದ ರೊಟ್ಟಿಯನ್ನು ಗೋಪಮ್ಮ ಒಲೆಯ ಮಗ್ಗುಲಿಗೆ ನಿಲ್ಲಿಸುತ್ತಿದ್ದಳು. ಅದು ಒಣಗಿ ಗರಿಗರಿಯಾದ ಮೇಲೆ ಹತ್ತು ಹತ್ತರ ಕಟ್ಟು ಮಾಡಿ ಬಿದಿರಿನ ಪುಟ್ಟಿಯಲ್ಲಿ ಇಡುತ್ತಿದ್ದಳು. ಹಾಗೆ ಇಡುವಾಗ ಒಂದು ಚಟ್ಟನೆ ಮುರಿಯಿತು. ಮುರಿದದ್ದು ಗಿರಾಕಿಗೆ ನಡೆಯುವುದಿಲ್ಲ. ಗೋಪಮ್ಮ ಪಕ್ಕದ ಬಟ್ಟಲಿನ ಶೇಂಗಾ ಚಟ್ನಿಪುಡಿಗೆ ತುಣುಕನ್ನು ಒತ್ತಿ ಬಾಯಿಗೆ ಹಾಕಿಕೊಂಡಳು. ಕಣ್ಣು ಹಂಚಿನ ಮೇಲೇ ಇತ್ತು. ಅರ್ಧ ತಾಸಿಗೆ ಇನ್ನೊಂದು ಮುರಿಯಿತು. ಅದೂ ಬಾಯಿಗೆ ಹೋಯಿತು. ಸುಮಂಗಲಾ ಎಣಿಸತೊಡಗಿದಳು. ಮಧ್ಯಾಹ್ನ ಒಂದು ಗಂಟೆ ಹೊಡೆಯುವಷ್ಟರಲ್ಲಿ ನಾಲ್ಕು ರೊಟ್ಟಿ, ಚಟ್ನಿಪುಡಿಯ ಬಟ್ಟಲು ಖಾಲಿ.

"ಅವ್ವಾರ, ಇದನ್ನ ಯಾಕ ಹೇಳಲಿಲ್ಲ?"

"ಯಾವುದನ್ನ?"

"ಈ ಮುರದ ರೊಟ್ಟಿ ತಿಂದದ್ದು."

ಗೋಪಮ್ಮ ನಿಜವಾಗಿಯೂ ಬೆರಗಾದಳು. ಬಟ್ಟಲು ನೋಡಿದಳು, ಪುಟ್ಟಿ ನೋಡಿದಳು. "ಇದರಾಗ ತಿಂದದ್ದೇನದ? ಮಾರಾಕ ಬರಂಗಿಲ್ಲ, ಚೆಲ್ಲಾಕ ಮನಸ ಬರಂಗಿಲ್ಲ. ಮುರದದ್ದು ಮಾಡಾಕಿ ಪಾಲು. ನಮ್ಮತ್ತಿ ಹಂಗ ಮಾಡ್ತಿದ್ಲು, ನಮ್ಮವ್ವ ಹಂಗ ಮಾಡ್ತಿದ್ಲು. ತಾಟು ಹಾಕ್ಕೊಂಡು ಕುಂತದ್ದಷ್ಟು ನೀ ಕೇಳಿದಿ, ಹೇಳಿದೆ."

ಒಂದೇ ಹೊತ್ತು ಉಂಡ ದಿನಗಳಲ್ಲಿ ಹಸಿವಿಗೆ ಕೈ ಇನ್ನೂ ಹೆಚ್ಚು ಸಲ ಬಾಯಿಗೆ ಹೋಗಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಸುಮಂಗಲಾಳ ತಾಯಿ ಇದ್ದಾಳೆ. ಮಕ್ಕಳು ತಾಟಿನಲ್ಲಿ ಬಿಟ್ಟದ್ದನ್ನು, ಗಡಿಗೆಯ ತಳಕ್ಕೆ ಹತ್ತಿದ್ದನ್ನು ನಿಂತಲ್ಲೇ ಬಾಯಿಗೆ ಹಾಕಿಕೊಂಡು ಪಾತ್ರೆ ತಿಕ್ಕಲು ಹೋಗುವವಳು. ಹಾಗೆ ತಿಂದದ್ದನ್ನು ಯಾರೂ ಕೇಳಿದ್ದಿಲ್ಲ, ಆಕೆಯೂ ಹೇಳಿದ್ದಿಲ್ಲ. ಇಪ್ಪತ್ತೆರಡು ವರ್ಷ ಅದನ್ನೇ ಕಂಡು ಬೆಳೆದವಳು ಸುಮಂಗಲಾ. ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು. ಗೊತ್ತಿಲ್ಲದವರು ಬೈದಿದ್ದರೆ ಬೇರೆ ಮಾತು.

"ನಂದು ತಪ್ಪಾತ್ರಿ ಅವ್ವಾರ. ನೀವು ಸುಳ್ಳು ಹೇಳಿರಲಿಲ್ಲ."

"ಹೂಂ."

"ನಿಮ್ಮನ್ನ ಕಾಟಾದ ಮ್ಯಾಲ ಕುಂದ್ರಿಸಬಾರದಿತ್ತು. ಸಿದ್ರಾಮ ಹಂಗ ಅಂದಾಗ..."

"ಸಿದ್ರಾಮ ಹಮಾಲ. ದಿನಾ ಚೀಲ ನೋಡಾವ, ಅಂದ." ಗೋಪಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನೀನೂ ನಕ್ಕಿದ್ದಿ."

"ನೀವೂ..." ಎಂದು ಸುಮಂಗಲಾ ತಡವರಿಸಿದಳು.

"ನಾನೂ ನಕ್ಕೆ. ಎಲ್ಲಾರು ನಗಾಕತ್ತಾಗ ನಗದ ಏನ್ ಮಾಡ್ಲಿ? ಎದ್ದು ಹೋಗಬೇಕಂದ್ರ ಏಳಾಕ ಬರಂಗಿಲ್ಲ."

ಸಂಜೆ ಸುಮಂಗಲಾ ನೇರ ವಲಿ ಪಾಷಾ ಅವರ ಅಂಗಡಿಗೆ ಹೋದಳು. ಒಂದು ಕಾಟಾ ತಿಂಗಳಿಗೊಮ್ಮೆ ಗೋಪಮ್ಮನ ಮನೆಗೆ ಕಳಿಸಬಹುದೇ ಎಂದು ಕೇಳಿದಳು. ಮುದುಕರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಅವತ್ತು ನಾ ಗಲ್ಲಾದ ಮುಂದ ಕುಂತಿದ್ದೆ, ಬೇಟಿ. ಸಿದ್ರಾಮಗ ಗದರಿಸಬೇಕಿತ್ತು. ನಾನೂ ನಕ್ಕುಬಿಟ್ಟೆ. ಮನಿಗಿ ಹೋಗಿ ಹೇಳಿದ್ರ ನಮ್ಮಾಕಿ ಎರಡು ದಿನ ಮಾತಾಡಲಿಲ್ಲ." ಒಳಗೆ ಮೂಲೆಯಲ್ಲಿದ್ದ ಹಳೆಯ ಕಾಟಾದ ಧೂಳು ಝಾಡಿಸಿದರು. "ಒಯ್ರಿ. ಅಲ್ಲೇ ಇರಲಿ."

ತಳ್ಳುಗಾಡಿಯಲ್ಲಿ ಅದನ್ನು ತಂದವನು ಸಿದ್ರಾಮನೇ. ಒಳಗಿಟ್ಟು, ತಲೆ ಎತ್ತದೆ, "ಯವ್ವಾ, ಅವತ್ತು ಬಾಯಿ ತಪ್ಪಿ ಅಂದೆ," ಎಂದ.

"ಲೇ, ಬಾಯಿ ತಪ್ಪಲಿಲ್ಲ, ಅಂಕಿನೂ ತಪ್ಪಲಿಲ್ಲ. ಕದ ಹಾಕ್ಕೊಂಡು ಹೋಗು," ಎಂದಳು ಗೋಪಮ್ಮ.

ಆಮೇಲೆ ಪಟ್ಟಿಯನ್ನು ಸುಮಂಗಲಾ, ಗೋಪಮ್ಮ ಇಬ್ಬರೂ ಕೂತು ಹೊಸದಾಗಿ ಮಾಡಿದರು. ಮೂರು ಹೊತ್ತು ಊಟ, ಹೊತ್ತಿಗೆ ಒಂದೇ ರೊಟ್ಟಿ, ಜೊತೆಗೆ ತಾಟಿನ ಅರ್ಧದಷ್ಟು ಪುಂಡಿಪಲ್ಯವೋ ಮೆಂತ್ಯವೋ, ಬೇಳೆ, ನೀರು ಮಜ್ಜಿಗೆ. ಮುರಿದದ್ದೆಲ್ಲ ಮುಚ್ಚಳವಿರುವ ಡಬ್ಬಿಗೆ. ಡಬ್ಬಿ ತುಂಬಿದರೆ ಪಕ್ಕದ ಮನೆಯ ಮುನವ್ವರ್ ಬೀ ತನ್ನ ಕೋಳಿಗಳಿಗೆ ಒಯ್ಯುವುದು, ಬದಲಿಗೆ ದಿನಕ್ಕೊಂದು ತತ್ತಿ ಕೊಡುವುದು.

ಹೇಳಿದಷ್ಟು ಸುಲಭವಾಗಲಿಲ್ಲ. ಹೊಲದಲ್ಲಿ ಉದುರಿದ ಜೋಳದ ಕಾಳನ್ನೂ ಆರಿಸಿ ಬದುಕಿದ ಹೆಂಗಸು. ರೊಟ್ಟಿ ಕೋಳಿಗೆ ಹಾಕುವುದನ್ನು ನೋಡಲಾರದೆ ಮೊದಲ ದಿನ ಆ ಕಡೆ ಮುಖ ತಿರುಗಿಸಿದಳು. ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ ಎಂದು ಮೇ ತಿಂಗಳಲ್ಲಿ ಅತ್ತಳು. ಉಪಾಯವನ್ನು ಕೊನೆಗೆ ಅವಳೇ ಹುಡುಕಿದಳು. ಒಲೆ ಹೊತ್ತಿಸುವಾಗ ಒಂದು ಲವಂಗ ಬಾಯಲ್ಲಿ ಇಟ್ಟುಕೊಳ್ಳುವುದು. ಬಾಯಲ್ಲಿ ಲವಂಗ ಇರುವವರೆಗೆ ಬೇರೆ ಏನೂ ಹೋಗಬಾರದು. ಜುಲೈಗೆ ಎಂಬತ್ತೊಂಬತ್ತು. ಆಗಸ್ಟಿನಲ್ಲಿ ಇಳಿಯಲೇ ಇಲ್ಲ. ಸೆಪ್ಟೆಂಬರಿನಲ್ಲಿ ಎಂಬತ್ತಾರೂವರೆ.

"ನನ್ನ ಕೋಳಿ ಉಬ್ಬಿ ಉಬ್ಬಿ ಗೋಡಿ ಹಾರವಲ್ವು," ಎಂದು ಮುನವ್ವರ್ ಬೀ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. "ಮೇಡಂ, ಅವಕ್ಕೂ ಒಂದು ಚೀಟಿ ಬರದುಕೊಡ್ರಿ!"

ದಸರಾ ಮುಗಿದ ಮರುದಿನ ತೂಕ ಎಂಬತ್ನಾಲ್ಕು ಕಿಲೋ ಮುನ್ನೂರು ಗ್ರಾಂ. ಗೋಪಮ್ಮ ಹಗ್ಗದ ಎರಡನೆಯ ಗಂಟು ಹಿಡಿದಳು. ಐಶ್ವರ್ಯ ಎತ್ತಲು ಬಗ್ಗಿದವಳು ತಡೆದುಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಮೊದಲ ಸಲ ಕೈ ಜಾರಿತು. ಎರಡನೆಯ ಸಲ ಜಂತಿ ಕಿರ್ರೆಂದಿತು, ಎಡಗಾಲು ನೆಲ ಕಚ್ಚಿತು, ಗೋಪಮ್ಮ ಎದ್ದು ನಿಂತಳು. ಊರುಗೋಲು ತೆಗೆದುಕೊಂಡು, ಯಾರನ್ನೂ ನೋಡದೆ, ಮೊದಲು ಸಂಡಾಸಿಗೆ ಹೋಗಿ ಬಂದಳು. ಬಂದು ಐಶ್ವರ್ಯಳಿಗೆ, "ಇನ್ನ ಚೀಲ ಕಟ್ಟು," ಎಂದಳು.

ರಿಜಿಸ್ಟರಿನ ಆ ಪುಟದಲ್ಲಿ ಕೆಂಪು ಅಕ್ಷರ ಇನ್ನೂ ಇದೆ. ಸರಕಾರದ ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಸುಮಂಗಲಾ ಅದರ ಕೆಳಗೆ ನೀಲಿ ಶಾಯಿಯಲ್ಲಿ, 'ಮೇಲಿನದು ನನ್ನ ತಪ್ಪು' ಎಂದು ಬರೆದು ಸಹಿ ಮಾಡಿದ್ದಾಳೆ. ಮೇಲಧಿಕಾರಿಗಳು ಕೇಳಿದಾಗ ಕಾರಣ ಹೇಳಬೇಕಾಯಿತು. ಹೇಳುವಾಗ ತಾನು ನಕ್ಕದ್ದನ್ನು ಮಾತ್ರ ಬಿಟ್ಟಳು. ಅದು ಅವಳಿಗೆ ಇನ್ನೂ ಚುಚ್ಚುತ್ತದೆ.

ಐಶ್ವರ್ಯ ರಾಯಚೂರಿನ ಹಾಸ್ಟೆಲಿನಲ್ಲಿದ್ದಾಳೆ, ಎರಡು ವಾರಕ್ಕೊಮ್ಮೆ ಬರುತ್ತಾಳೆ. ಗೋಪಮ್ಮ ಈಗ ಹಗ್ಗ ಹಿಡಿದು ತಾನೇ ಏಳುತ್ತಾಳೆ, ಬಾಯಲ್ಲೊಂದು ಲವಂಗ ಇಟ್ಟುಕೊಂಡು ದಿನಕ್ಕೆ ನೂರಿಪ್ಪತ್ತು ರೊಟ್ಟಿ ಬಡಿಯುತ್ತಾಳೆ, ಮುರಿದದ್ದನ್ನು ಡಬ್ಬಿಗೆ ಹಾಕುತ್ತಾಳೆ.