ಹಾಸಿನ ಮೇಲೆ ಮೂರು ಬೆರಳು

ದೊರೆಯ ಎಡಗೈಯಲ್ಲಿ ಇದ್ದದ್ದು ಮೂರೇ ಬೆರಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಮೇಲೆ ಅಂಗೈಯ ಅಂಚು ಸವೆದ ಸಾಬೂನಿನ ಹಾಗೆ ನುಣ್ಣಗೆ ಇಳಿದುಹೋಗುತ್ತಿತ್ತು. ಚಳಿ ಬಿದ್ದ ಬೆಳಿಗ್ಗೆ ಆ ಅಂಚು ತೆಳು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು, ಅದರಿಂದ ನೀಲಗಿರಿ ಎಣ್ಣೆಯ ವಾಸನೆ ಬರುತ್ತಿತ್ತು.

ಇಲ್ಲದ ಆ ಎರಡು ಬೆರಳಿಗೆ ನಮ್ಮ ಬೀದಿಯವರು ಒಂದು ಕಥೆ ಕಟ್ಟಿದ್ದಾರೆ. ದೊಡ್ಡ ಯುದ್ಧದಲ್ಲಿ ದೊರೆ ಒಬ್ಬರೇ ಶತ್ರುಗಳ ಕಂದಕಕ್ಕೆ ಹಾರಿದರಂತೆ, ಬೀಸಿ ಬಂದ ಕತ್ತಿಯನ್ನು ಬರಿಗೈಯಲ್ಲಿ ಹಿಡಿದರಂತೆ, ಬೆರಳು ಅಲ್ಲೇ ಉದುರಿದುವಂತೆ, ರಾಜರೇ ಪದಕ ಕೊಟ್ಟರಂತೆ. ಈ "ಅಂತೆ"ಗಳನ್ನು ನಾನು ಒಂದು ದಿನವೂ ನಂಬಿದವನಲ್ಲ. ಯಾರು ನೋಡಿದರು? ನೋಡಿದವರು ಯಾರಿಗೆ ಹೇಳಿದರು? ಕತ್ತಿಯನ್ನು ಕೈಯಲ್ಲಿ ಹಿಡಿದವನ ಬೆರಳು ನಾಲ್ಕೂ ತುಂಡಾಗಬೇಕಲ್ಲ, ಕೊನೆಯ ಎರಡೇ ಯಾಕೆ? ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ ನಾಲಿಗೆಗೆ ಇಷ್ಟು ಸಾಕಾಗಿತ್ತು. ಗಿರಣಿಯಲ್ಲಿ ದುಡಿಯುವವರ ಬೆರಳು ಹೋಗುವುದು ಯಂತ್ರಕ್ಕೆ ಸಿಕ್ಕಿ, ಇವರದ್ದೂ ಹಾಗೇ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ದೊರೆಯನ್ನೇ ಕೇಳಬಹುದಿತ್ತು. ಕೇಳಲಿಲ್ಲ.

ಬೀದಿಯ ಕಥೆ ಸುಳ್ಳು. ನನ್ನ ತೀರ್ಪು, ಅದನ್ನು ನಂಬಿ ಮುಂದೆ ನಾನಾಡಿದ ಮಾತು, ಎರಡೂ ಅದಕ್ಕಿಂತ ಕೆಟ್ಟ ಸುಳ್ಳು. ಬೀದಿಯ ಸುಳ್ಳು ದೊರೆಯ ಮಾನವನ್ನು ಮೇಲೆತ್ತಿತು. ನನ್ನದು ಅದನ್ನು ತುಂಬಿದ ಸಭೆಯಲ್ಲಿ ಕೆಡವಿತು. ಅದನ್ನು ಒಪ್ಪಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಮಿಳು ಸೀಮೆಯ ನಮ್ಮ ಮನೆಯಲ್ಲಿ ಆಡುವುದು ಕನ್ನಡವಾದರೂ ಕನ್ನಡದ ಅಕ್ಷರ ಬಲ್ಲವನು ನಾನೊಬ್ಬನೇ. ಬರೆದದ್ದನ್ನು ನನ್ನ ಸೋದರತ್ತೆಗೆ ನಾನೇ ಓದಿ ಹೇಳಬೇಕು. ಅದೂ ಒಂದು ಶಿಕ್ಷೆಯೇ.

ದೊರೆ ಇಂಗ್ಲಿಷರಲ್ಲ, ಆಸ್ಟ್ರೇಲಿಯಾದವರು. ಎರಡಕ್ಕೂ ಏನು ವ್ಯತ್ಯಾಸ ಎಂದು ಬೀದಿಯಲ್ಲಿ ಯಾರೂ ಕೇಳಲಿಲ್ಲ. ಕೆಂಪು ಮುಖ, ಟೊಪ್ಪಿ, ಸೈಕಲ್ಲು, ಅಷ್ಟಿದ್ದರೆ ದೊರೆ. ಕೊಯಮತ್ತೂರಿನ ಒಂದು ಗಿರಣಿಯಲ್ಲಿ ನೂಲಿನ ಗುಣ ಪರೀಕ್ಷಿಸುವ ಕೆಲಸ ಅವರದು. ಆ ನೂಲು ಕುರಿಚಿಯ ಹತ್ತಿರದ ನಮ್ಮ ನೇಕಾರರ ಬೀದಿಗೂ ಬರುತ್ತಿತ್ತು. ಅದು ಎಲ್ಲೆಲ್ಲಿ ಕಡಿಯುತ್ತದೆ, ಯಾಕೆ ಕಡಿಯುತ್ತದೆ ಎಂದು ಕೇಳಿಕೊಂಡು ಹೋಗಲು ಮೊದಲ ಸಲ ಬಂದದ್ದು ಮಾರ್ಗಳಿ ತಿಂಗಳ ಒಂದು ಚಳಿಯ ಬೆಳಿಗ್ಗೆ.

ಆ ಬೆಳಿಗ್ಗೆ ನೆನಪಿನಲ್ಲಿ ಅರ್ಧ ಕನಸಾಗಿಯೇ ಉಳಿದಿದೆ. ಬಿಸಿಲು ಏರುವ ಮೊದಲು ಹಾಸಿನ ನೂಲಿಗೆ ಗಂಜಿ ಹಚ್ಚಿ ಮುಗಿಸಬೇಕು. ಬೀದಿಯುದ್ದಕ್ಕೂ ಬಿದಿರ ಕೋಲುಗಳನ್ನು ಕತ್ತರಿಯ ಹಾಗೆ ಜೋಡಿಸಿ ನೆಟ್ಟಿದ್ದರು. ಅವುಗಳ ಮೇಲೆ ಹಾಸು, ಎಂದರೆ ಮಗ್ಗಕ್ಕೆ ಏರಬೇಕಾದ ಉದ್ದನೆಯ ಎಳೆಗಳೆಲ್ಲ ಸೊಂಟದ ಎತ್ತರಕ್ಕೆ ಬಿಗಿದು ನಿಂತಿದ್ದವು. ಈ ತುದಿಯಿಂದ ಆ ತುದಿ ಕಾಣದು. ಎಳೆಗಳು ಮಂಜಿನೊಳಗಿಂದ ಹುಟ್ಟಿ ಮಂಜಿನೊಳಗೇ ಹೋಗುತ್ತಿದ್ದವು. ಕುಂಚ ಎಳೆಯುವವರ ತಲೆಗಳು ಮಾತ್ರ ನೀರಿನ ಮೇಲೆ ತೇಲುವ ಹಾಗೆ ಹಿಂದೆ ಮುಂದೆ ಹೋಗುತ್ತಿದ್ದವು. ಬಿಸಿ ಗಂಜಿಯ ವಾಸನೆ.

ಅಷ್ಟರಲ್ಲಿ ಸೈಕಲ್ಲು ಬಿದ್ದ ಸದ್ದು. ತಿರುಗಿ ನೋಡಿದರೆ ಒಬ್ಬ ದೊರೆ ನೆಲಕ್ಕೆ ಬೋರಲಾಗಿ, ಮುಖವನ್ನು ಮಣ್ಣಿಗೆ ಒತ್ತಿಕೊಂಡು ಮಲಗಿದ್ದಾರೆ. ಟೊಪ್ಪಿ ಉರುಳಿಕೊಂಡು ಹಾಸಿನ ಕೆಳಗೆ ಹೋಗಿದೆ.

"ಅಯ್ಯಯ್ಯೋ, ದೊರೆ ಬಿದ್ದ!" ಎಂದು ಕೂಗಿದವಳು ಅತ್ತೆ. ಅಪ್ಪನ ಅಕ್ಕ, ನಮ್ಮ ಬೀದಿಯ ಹಾಸುಗಳಿಗೆಲ್ಲ ಅವಳದೇ ಕೊನೆಯ ಮಾತು. ಮರುಕ್ಷಣವೇ, "ಏ, ಯಾರೂ ಓಡಬೇಡ್ರಿ! ಹಾಸು ಅಲ್ಲಾಡತ್ತೆ! ದೊರೆ ತಾನಾಗೇ ಏಳ್ತಾನೆ!"

ದೊರೆ ತಾನಾಗಿಯೇ ಎದ್ದರು. ಮಂಡಿಯ ಮಣ್ಣು ಕೊಡವಿ, ನಾಚಿಕೊಂಡು ನಕ್ಕರು. ಬೀದಿಗೆ ಮಾತ್ರ ಅಷ್ಟರಲ್ಲಿ ಇನ್ನೊಂದು ಕಥೆ ಹುಟ್ಟಿತ್ತು: ನಮ್ಮ ಕುಲದೇವತೆ ಚೌಡಮ್ಮನ ಮಹಿಮೆ, ಬಿಳಿ ದೊರೆ ಬಂದು ನಮ್ಮ ನೂಲಿಗೆ ಸಾಷ್ಟಾಂಗ ಹಾಕಿದ.

ಅವರು ಹಾಸಿನ ಹತ್ತಿರ ಬಂದು ಬಗ್ಗಿ ನೋಡಿ, ತಮಗೆ ಬಂದಷ್ಟು ತಮಿಳಿನಲ್ಲಿ "ನಲ್ಲಾ ಇರುಕ್ಕು" ಅಂದರು. ಚೆನ್ನಾಗಿದೆ ಎಂದು.

ಅತ್ತೆ ಸೊಂಟಕ್ಕೆ ಕೈ ಕೊಟ್ಟು, "ನೋಡಿದ್ಯಾ, ಮುಟ್ಟಿದ್ಯಾ?" ಅಂದಳು.

ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಇದು ನಮ್ಮಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆ. ಗಂಜಿ ಹಸಿಯಾಗಿರುವಾಗ ಕಡಿದ ಎಳೆ ಪಕ್ಕದ ಎಳೆಗೆ ಅಂಟಿಕೊಂಡು ಇಡಿಯಾಗಿಯೇ ಕಾಣುತ್ತದೆ. ಕಣ್ಣಿಗೆ ಗೊತ್ತಾಗದು, ಅಂಗೈಗೆ ಗೊತ್ತಾಗುತ್ತದೆ. ಅದಕ್ಕೇ ಅಂಗೈ ಆಡಿಸದೆ ಹಾಸು ಸರಿಯಿದೆ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. "ಇಲ್ಲಿ ಕೈ ಇಡು" ಎಂದು ಅತ್ತೆ ತೋರಿಸಿದಳು. ದೊರೆ ತಮ್ಮ ಮೂರು ಬೆರಳಿನ ಕೈಯನ್ನು ಒದ್ದೆ ಎಳೆಗಳ ಮೇಲೆ ಇಟ್ಟು ಮೆಲ್ಲಗೆ ಸರಿಸುತ್ತ ಹೋದರು. ಒಂದು ಕಡೆ ನಿಂತರು. ಅಲ್ಲಿ ಎಳೆ ಕಡಿದಿತ್ತು. ಅತ್ತೆ ಬಂದು ಬೆಸೆದಳು. ದೊರೆ ಕಣ್ಣು ಮುಚ್ಚಿಕೊಂಡು, ಬೆರಳು ಅಲ್ಲೇ ಇಟ್ಟು, ಬಹಳ ಹೊತ್ತು ನಿಂತಿದ್ದರು.

"ನೋಡಿದ್ಯಾ, ಮುಟ್ಟಿದ್ಯಾ?" ದೊರೆ ಕಲಿತ ಮೊದಲ ಕನ್ನಡ ಮಾತು ಇದೇ. ಬಾಳೆಹಣ್ಣು ಮಾರುವವಳಿಗೆ, ಅಂಚೆಯವನಿಗೆ, ಕೊನೆಗೆ ನನಗೂ ಅದೇ ಪ್ರಶ್ನೆ. ನಾನು ಗಾಂಧಿಯವರ ಬಗ್ಗೆಯೋ ದೇವರ ಬಗ್ಗೆಯೋ ಉದ್ದುದ್ದ ವಾದ ಮಾಡಿದರೆ ಕೊನೆಯವರೆಗೂ ಕೇಳಿಸಿಕೊಂಡು, ಅಷ್ಟೂ ಇಂಗ್ಲಿಷಿನ ನಡುವೆ ಆ ಒಂದು ಕನ್ನಡದ ಮುಳ್ಳು ಚುಚ್ಚುತ್ತಿದ್ದರು. ಪುರಾವೆ ಎಂಬುದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಈ ಇಬ್ಬರು.

ವಾರಕ್ಕೊಮ್ಮೆ ಬರುತ್ತಿದ್ದರು. ಕೆಲಸ ಮುಗಿದರೆ ನಮ್ಮ ಜಗಲಿಯ ಮೇಲೆ ಕೂತು, ಅತ್ತೆ ಕೊಟ್ಟ ಬೆಲ್ಲದ ಕಾಫಿ ಕುಡಿಯುವರು. "ಏನು ದೊರೆ, ನಿನ್ನ ನೂಲು ನಿನ್ನೆಯೂ ಮೂರು ಕಡೆ ಪಟ್ ಅಂತು" ಎಂದು ಅವಳು ಚುಚ್ಚಿದರೆ, ತಲೆ ತಗ್ಗಿಸಿ ಬರೆದುಕೊಳ್ಳುವರು. ಉತ್ತರದ ಬೆಟ್ಟದ ಸಾಲು ನೀಲಿಯಾಗಿ ಕಾಣುವ ದಿನ ಮಾತ್ರ ಅವರ ಗಮನ ಇಲ್ಲಿರುತ್ತಿರಲಿಲ್ಲ. ಆ ಬೆಟ್ಟದ ನೀಲಗಿರಿ ಮರಗಳನ್ನು ಯಾವ ಕಾಲದಲ್ಲೋ ಅವರ ದೇಶದಿಂದ ತಂದು ನೆಟ್ಟದ್ದಂತೆ. "ನಮ್ಮ ಮರ ನಿಮ್ಮ ಬೆಟ್ಟದ ಹೆಸರು ಇಟ್ಟುಕೊಂಡು ಸುಖವಾಗಿದೆ. ನಾನೂ ಹಾಗೆ ಇದ್ದುಬಿಡಬೇಕು" ಅನ್ನುವರು. ರಜೆ ಸಿಕ್ಕರೆ ಮೆಟ್ಟುಪಾಳ್ಯಕ್ಕೆ ಹೋಗಿ, ಬೆಟ್ಟದ ರೈಲು ಹತ್ತಿ, ಯಾವುದೋ ಸಣ್ಣ ನಿಲ್ದಾಣದಲ್ಲಿ ಇಳಿದು, ಮರಗಳ ಕೆಳಗೆ ಮಲಗಿ, ಸಂಜೆಯ ರೈಲಿಗೆ ವಾಪಸು. ಬಂದಾಗ ಅಂಗಿಯ ತುಂಬ ಒಣಗಿದ ಎಲೆ.

ಒಂದು ದಿನ, ಮೊದಲ ಸಲ ಬಂದಾಗ ಯಾಕೆ ಹಾಗೆ ನೆಲಕ್ಕೆ ಬಿದ್ದಿರಿ ಎಂದು ಕೇಳಿದೆ. ನಿಧಾನವಾಗಿ ಹೇಳಿದರು. ಅವರು ಕೆಂಪು ಮಣ್ಣಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದವರು. ಯುದ್ಧ ಬಂದಾಗ ಸಾದಾ ಸಿಪಾಯಿಯಾಗಿ ಸೇರಿದರು. ಮೊದಲು ತುರ್ಕಿಯ ಕಡಲ ದಂಡೆ, ಆಮೇಲೆ ಫ್ರಾನ್ಸಿನ ಕೆಸರು. "ನಾನು ಮೇಲೇರಲಿಲ್ಲ. ನನ್ನ ಮೇಲಿದ್ದವರು ಸಾಯುತ್ತ ಬಂದರು, ನಾನು ಕ್ಯಾಪ್ಟನ್ ಆದೆ." ಒಂದು ಬೆಳಿಗ್ಗೆ ಇವರ ತುಕಡಿ ಶತ್ರುವಿನ ಮುಳ್ಳುಕಂಬಿ ದಾಟಿ ನುಗ್ಗಬೇಕಿತ್ತು. "ಕಂಬಿ ಕಡಿದಿದೆ ಎಂದು ಹಿಂದಿನ ದಿನ ವರದಿ ಕೊಟ್ಟವನು ನಾನು. ಬೆಳಿಗ್ಗೆ ಹೋದರೆ ಮಂಜಿನಲ್ಲಿ ಕಂಬಿ ಇತ್ತು. ನನ್ನ ಹುಡುಗರು ಅದರ ಮೇಲೆಯೇ ಉಳಿದರು. ನಿಮ್ಮ ಬೀದಿ ಆ ದಿನ ನನಗೆ ಹಾಗೇ ಕಂಡಿತು."

ಗಾಯಗೊಂಡವರನ್ನು ಹೊತ್ತು ತಂದದ್ದಕ್ಕೆ ಪದಕ ಬಂತು. ಯುದ್ಧ ಮುಗಿದ ಮೇಲೆ ಸರ್ಕಾರ ಕುರಿ ಸಾಕಲು ಜಮೀನು ಕೊಟ್ಟಿತು. ಅದಕ್ಕೆ ಕಂಬಿಯ ಬೇಲಿ ಕಟ್ಟಬೇಕು. ಕಂಬ ನೆಟ್ಟರು, ಕಂಬಿಯ ಸುರುಳಿ ಬಿಚ್ಚಲು ಆಗಲಿಲ್ಲ. "ಬೇಲಿ ಹಾಕಲಾರದವನು ಕುರಿ ಸಾಕುವುದು ಹೇಗೆ?" ಎಂದು ನಕ್ಕರು. ಕಂಬಿ ಬಿಟ್ಟು ನೂಲು ಹಿಡಿದರು.

"ಆ ಪದಕ ಎಲ್ಲಿದೆ?" ಅಂದೆ.

"ಅಡುಗೆಯವನು ಕಾಫಿಪುಡಿ ಡಬ್ಬದಲ್ಲಿ ಹಾಕಿದ್ದಾನೆ. ಯಾಕೆಂದು ಅವನನ್ನೇ ಕೇಳು."

ಅವರು ಹೇಳಿದ್ದು ಇಷ್ಟೇ. ಉಳಿದದ್ದನ್ನು ನಾನು ತುಂಬಿಸಿಕೊಂಡೆ. ಕಂಬಿ ಕಡಿದಿದೆ ಅಂದರು, ಕಡಿದಿರಲಿಲ್ಲ. ಅಂದಮೇಲೆ ದೂರದಿಂದ ನೋಡಿ ಹೇಳಿದ್ದಾರೆ, ಹತ್ತಿರ ಹೋಗಿ ಮುಟ್ಟಿಲ್ಲ. ಅತ್ತೆಯ ಪ್ರಶ್ನೆ ಅವರಿಗೆ ಅಷ್ಟು ತಾಗಿದ್ದು ಅದಕ್ಕೇ. ಎಷ್ಟು ಅಚ್ಚುಕಟ್ಟಾದ ತರ್ಕ!

ಆ ವರ್ಷದ ಕಾಲೇಜಿನ ಚರ್ಚೆಯ ವಿಷಯ, ಪದಕ ಧೈರ್ಯಕ್ಕೆ ಸಾಕ್ಷಿಯೇ ಎಂಬುದು. ಅಲ್ಲ ಎನ್ನುವ ಪಕ್ಷ ನನ್ನದು. ದೊರೆಯನ್ನು ನಾನೇ ಕರೆದಿದ್ದೆ. ಮುಂದಿನ ಸಾಲಿನಲ್ಲಿ, ಟೊಪ್ಪಿಯನ್ನು ಮಡಿಲಲ್ಲಿಟ್ಟು ಕೂತಿದ್ದರು. ವಾದ ಸೋಲುವ ಹಾಗೆ ಕಂಡಾಗ, ಜೇಬಿನಲ್ಲಿಟ್ಟುಕೊಂಡಿದ್ದ ಕಲ್ಲನ್ನು ತೆಗೆದೆ. "ನನಗೆ ಗೊತ್ತಿರುವ ಅಧಿಕಾರಿಯೊಬ್ಬರು ಮುಳ್ಳುಕಂಬಿ ಕಡಿದಿದೆ ಎಂದು ವರದಿ ಕೊಟ್ಟರು. ಅವರು ನೋಡಿದ್ದರು, ಮುಟ್ಟಿರಲಿಲ್ಲ. ಹುಡುಗರು ಸತ್ತರು. ಅವರಿಗೆ ಪದಕ ಬಂತು." ಹೆಸರು ಹೇಳಲಿಲ್ಲ ಎಂಬ ಜಾಣತನ ಬೇರೆ. ಈ ಊರಿನಲ್ಲಿ ಅಂಥ ಅಧಿಕಾರಿ ಇದ್ದದ್ದು ಒಬ್ಬರೇ. ತಲೆಗಳೆಲ್ಲ ಮುಂದಿನ ಸಾಲಿನ ಕಡೆ ತಿರುಗಿದವು. ದೊರೆ ಎಡಗೈಯನ್ನು ಟೊಪ್ಪಿಯ ಕೆಳಕ್ಕೆ ಸರಿಸಿಕೊಂಡರು. ಅಷ್ಟೇ. ನಾನು ಗೆದ್ದೆ.

ದೊರೆ ಬಾಗಿಲಲ್ಲಿ ಕಾದಿದ್ದು ನನ್ನ ಬೆನ್ನು ತಟ್ಟಿದರು. "ಚೆನ್ನಾಗಿ ಮಾತಾಡಿದೆ. ನಿನ್ನ ಎದುರಾಳಿ ಒಂದು ಪ್ರಶ್ನೆ ಕೇಳಬೇಕಿತ್ತು, ಬಿಟ್ಟುಬಿಟ್ಟ."

"ಯಾವ ಪ್ರಶ್ನೆ?"

"ನಿನ್ನ ಅತ್ತೆಗೆ ಗೊತ್ತು."

ಮನೆಗೆ ಬಂದು ಗೆದ್ದ ಸುದ್ದಿ ಹೇಳಿದೆ. ಅತ್ತೆ ರಾಟೆ ತಿರುಗಿಸುತ್ತಲೇ "ಏನಂತ ಹೇಳಿ ಗೆದ್ದೆ, ನನ್ನ ಕಣ್ಣು?" ಅಂದಳು. ಹೇಳಿದೆ. ರಾಟೆ ನಿಂತಿತು.

"ದೊರೆ ಕಂಬಿ ಮುಟ್ಟಿಲ್ಲ ಅನ್ನೋದು ನೀನು ನೋಡಿದ್ಯಾ, ಮುಟ್ಟಿದ್ಯಾ?"

"ಅವರೇ ಹೇಳಿದ್ದು ಅತ್ತೆ."

"ಮುಟ್ಟಿಲ್ಲ ಅಂತ ಹೇಳಿದ್ರಾ?"

"ಹಾಗಲ್ಲ, ಅವರು ಹೇಳಿದ್ದರ ಅರ್ಥ..."

"ಅರ್ಥ ಬೇಡ. ಹೇಳಿದ್ರಾ, ಇಲ್ವಾ?"

ಅವಳು ಆ ದಿನ ನನಗೆ ಊಟ ಬಡಿಸಲಿಲ್ಲ. ನಾನೇ ಹಾಕಿಕೊಂಡು ತಿಂದೆ.

ಅದಾದ ಮೇಲೆ ದೊರೆ ಬೀದಿಗೆ ಬರಲಿಲ್ಲ. ಒಂದು ವಾರ, ಎರಡು ವಾರ. ಮೂರನೆಯ ವಾರ ಅವರ ಬದಲು ನೂಲಿನ ಚೀಟಿ ಹಿಡಿದು ಬಂದವನು ಅಡುಗೆಯವನು. ಕನ್ನಡಕ್ಕೆ ತಮಿಳು ಬೆರೆಸಿ ಆಡುವ ಬಡಕಲು ಮನುಷ್ಯ, ಹೆಗಲ ಮೇಲೆ ಸದಾ ಒಂದು ಒದ್ದೆ ಬಟ್ಟೆಯ ತುಂಡು.

"ಏನುಂಗ ತಂಬಿ, ದೊರೆಗೆ ಎದೆಯಲ್ಲಿ ಕಫ ಕಟ್ಟಿದೆ. ನಾಳೆ ಬೆಟ್ಟದ ಆಸ್ಪತ್ರೆಗೆ ಹೋಗ್ತಾರೆ. ದೊರೆಗಳ ಕ್ಲಬ್ಬಿಗೆ ಹೋಗೋದೂ ಬಿಟ್ಟರು. ಅಲ್ಲಿ ಅವರ ಮೇಜಿಗೆ ಯಾರೂ ಬರೋದಿಲ್ಲವಂತೆ. ಏನೋ ಸಭೆಯಲ್ಲಿ ಏನೋ ಮಾತಾಯ್ತಂತೆ."

ಆಗ ಕೇಳಿದೆ. "ದೊರೆಯ ಆ ಎರಡು ಬೆರಳು ಹೇಗೆ ಹೋದವು?"

"ಕಂಬಿ ಕುಯ್ದದ್ದು ತಂಬಿ. ತುಕ್ಕು ಹಿಡಿದ ಮುಳ್ಳುಕಂಬಿ. ಕಡಿದಿದೆಯೋ ಇಲ್ಲವೋ ನೋಡೋಕೆ ಕತ್ತಲಲ್ಲಿ ತೆವಳಿಕೊಂಡು ಹೋಗಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ಎಳೆದು ನೋಡಿದರಂತೆ. ಎಲ್ಲಾ ಕಡಿದಿತ್ತು. ಬಂದು ಹೇಳಿದರು. ಇವರು ಈ ಕಡೆ ಬಂದಮೇಲೆ ಎದುರಿನವರು ಹೊಸ ಕಂಬಿ ಕಟ್ಟಿಬಿಟ್ಟರು. ಆ ಕೈಯಲ್ಲೇ ಬೆಳಿಗ್ಗೆ ಹುಡುಗರನ್ನು ಹೊತ್ತು ತಂದದ್ದು. ಆಮೇಲೆ ನಂಜೇರಿ, ಡಾಕ್ಟರು ಬೆರಳು ತೆಗೆದುಹಾಕಿದರು."

"ನಿನಗೆ ಹೇಗೆ ಗೊತ್ತು?" ಚಟ ಎಲ್ಲಿ ಬಿಡುತ್ತದೆ.

"ಚಳಿಗೆ ಅಲ್ಲಿ ನೋವು ಬರತ್ತೆ, ನಾನೇ ಎಣ್ಣೆ ಹಚ್ಚೋದು. ಹಚ್ಚೋವಾಗ ಒಂದು ದಿನ ಕೇಳಿದೆ, ಹೇಳಿದರು." ನನ್ನನ್ನು ವಿಚಿತ್ರವಾಗಿ ನೋಡಿದ. "ಕೇಳಿದರೆ ಹೇಳ್ತಾರೆ. ನೀವು ಇಷ್ಟು ದಿನ ಜೊತೆಗೆ ಕೂತು ಮಾತಾಡಿದೀರಿ, ಕೇಳಲೇ ಇಲ್ವಾ?"

ಮರುದಿನ ಬೆಳಿಗ್ಗೆ ಮೆಟ್ಟುಪಾಳ್ಯದಲ್ಲಿ ಬೆಟ್ಟದ ರೈಲು ಹೊರಡುವ ಮೊದಲು ಅವರನ್ನು ಹಿಡಿದೆ. ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ಅಡಿಕೆ ಮೂಟೆಗಳ ವಾಸನೆ, ಹೊಗೆ, ಮೇಲೆ ಬೆಟ್ಟವೆಲ್ಲ ಮೋಡದೊಳಗೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. "ನಾನು ಮುಟ್ಟಿರಲಿಲ್ಲ, ದೊರೆ" ಅಂದೆ, ಕನ್ನಡದಲ್ಲೇ.

ಅವರಿಗೆ ಅರ್ಥವಾಯಿತು. ಕಂಬಳಿಯೊಳಗಿಂದ ಎಡಗೈ ಹೊರಗೆ ಬಂತು. ಕಿಟಕಿಯ ಮೇಲಿದ್ದ ನನ್ನ ಕೈಯ ಮೇಲೆ ಆ ಮೂರು ಬೆರಳನ್ನು, ಹಾಸಿನ ಮೇಲೆ ಆಡಿಸುವ ಹಾಗೆ, ಮೆಲ್ಲಗೆ ಈ ತುದಿಯಿಂದ ಆ ತುದಿಗೆ ಸರಿಸಿದರು. "ಅತ್ತೆಗೆ ಹೇಳು, ಹೊಸ ನೂಲು ಗಟ್ಟಿ ಇದೆ, ಮುಟ್ಟಿ ನೋಡಿದ್ದೇನೆ ಅಂತ." ಹಿಂದಿನಿಂದ ಇಂಜಿನ್ ತಳ್ಳಿತು. ರೈಲು ಮೋಡದ ಕಡೆಗೆ ಏರುತ್ತ ಹೋಯಿತು.

ಮಳೆಗಾಲ ಮುಗಿಯುವ ಮೊದಲೇ ಅವರು ಅಲ್ಲೇ ತೀರಿಕೊಂಡರು. ನೀಲಗಿರಿ ಮರಗಳ ಕೆಳಗೆ ಹೂಳಿದ್ದಾರೆ ಎಂದು ಅಡುಗೆಯವನು ಬಂದು ಹೇಳಿದ. ಆ ದಿನ ಹಾಸು ಹೂಡಿರಲಿಲ್ಲ, ಆದರೂ ಅತ್ತೆ ಬೀದಿಗೆ ಹೋಗಿ ಖಾಲಿ ಕೋಲುಗಳ ನಡುವೆ ಸ್ವಲ್ಪ ಹೊತ್ತು ನಿಂತು ಬಂದಳು. ಕಾಲೇಜಿನಲ್ಲಿ ನಾನು ಎದ್ದು ನಿಂತು, ಅಂದು ಆಡಿದ್ದು ಸುಳ್ಳು ಎಂದು ಹೇಳಿದೆ. ಕೇಳಿದವರು ಕೆಲವರೇ. ಗೆದ್ದ ಮಾತು ಓಡಿದಷ್ಟು ದೂರ ತಪ್ಪೊಪ್ಪಿಗೆ ಓಡುವುದಿಲ್ಲ.

ಬೀದಿಯಲ್ಲಿ ಈಗಲೂ ಕತ್ತಿಯ ಕಥೆಯೇ ನಡೆಯುತ್ತಿದೆ. ನಾನು ತಿದ್ದುತ್ತೇನೆ, ಅವರು ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಹೇಳುತ್ತಾರೆ. ಹೇಳಲಿ. ನನ್ನ ಜಗಳ ಅವರೊಡನೆ ಅಲ್ಲ.

ದೊರೆ, ಆ ಸಭೆಯಲ್ಲಿ ಸಾಕ್ಷಿ ನಿಮ್ಮ ಮಡಿಲಲ್ಲೇ ಇತ್ತು. ಮಾತು ಬೇಕಿರಲಿಲ್ಲ. ಕಂಬಿ ಕುಯ್ದ ಆ ಕೈ ಎತ್ತಿದ್ದರೆ ಸಾಕಿತ್ತು, ನಾನು ಅಲ್ಲೇ ಸೋಲುತ್ತಿದ್ದೆ. ಅದನ್ನು ಟೊಪ್ಪಿಯ ಕೆಳಗೆ ಯಾಕೆ ಮುಚ್ಚಿಟ್ಟಿರಿ?