ಕಾಗದ ಬಿಡುವ ಕ್ಷಣ

ಪ್ರತಿ ಮನೆಯಲ್ಲೂ ಭಯಕ್ಕೆ ಒಂದು ಕಾಯಂ ಜಾಗವಿರುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ನಮ್ಮ ಅತ್ತೆಯವರ ಭಯ ವಾಸವಾಗಿರುವುದು ಕುಕ್ಕರಿನಲ್ಲಿ. ಸೀಟಿ ಹಾಕುವ ಮುನ್ನ ಅದು ಒಂದು ಬಗೆಯ ನಿಟ್ಟುಸಿರು ಬಿಡುತ್ತದಲ್ಲ, ಅಷ್ಟಕ್ಕೇ ಅವರು ಅರ್ಧ ಸೋಸಿದ ಮೆಂತ್ಯದ ಸೊಪ್ಪನ್ನು ಮಡಿಲಲ್ಲಿ ಕಟ್ಟಿಕೊಂಡು ಪಡಸಾಲೆಗೆ ವಲಸೆ ಬಂದುಬಿಡುತ್ತಾರೆ. ಎದುರುಮನೆಯಾಕೆಯ ಭಯ ಹಲ್ಲಿಯ ರೂಪದಲ್ಲಿ ಗೋಡೆಯ ಮೇಲೆ ಸಂಚರಿಸುತ್ತದೆ. ನನ್ನದು ಮಾತ್ರ ಒಂದು ಗೇಣುದ್ದದ ಕಬ್ಬಿಣ. ಅದರ ತುದಿಗೆ ಒಂದು ಸವೆದ ರಬ್ಬರು, ರಬ್ಬರಿನ ಒಂದು ಮೂಲೆಯಲ್ಲಿ ಇಲಿ ಕಡಿದಂಥ ಸೀಳು. ಹಳೆಯ ಮೋಟಾರ್‌ಸೈಕಲ್ಲಿನ ಕಿಕ್ಕರ್ ಎಂದು ಅದಕ್ಕೆ ಹೆಸರು. ಹಿತ್ತಲಿಗೆ ಕರಿಬೇವು ಹರಿಯಲು ಹೋಗುವಾಗ ನಾನು ಅದನ್ನು ಅರ್ಧಚಂದ್ರಾಕಾರವಾಗಿ ಬಳಸಿ ಹೋಗುತ್ತೇನೆ. ಸೆರಗು ಕೂಡ ಸೋಕಬಾರದು. ನಿಂತ ಗಾಡಿ ತಾನಾಗಿ ಒದೆಯುವುದಿಲ್ಲ ಎಂಬಷ್ಟು ಭೌತಶಾಸ್ತ್ರವನ್ನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನನಗೂ ಕಲಿಸಿದ್ದರು. ಆದರೆ ಕಲಿತದ್ದು ತಲೆಯಲ್ಲಿರುತ್ತದೆ, ಹೆದರಿದ್ದು ಮೈಯಲ್ಲಿರುತ್ತದೆ, ಇವೆರಡಕ್ಕೂ ಮಾತುಕತೆ ಕಡಿಮೆ.

ಗಾಡಿ ನಮ್ಮ ಮಾವನವರದು. ನಾನು ಹಿರೇಕೆರೂರಿನ ಈ ಮನೆಗೆ ಬಂದಾಗ ಅದು ಆಗಲೇ ಹಿರಿಯ ಸೊಸೆಯ ಗತ್ತಿನಲ್ಲಿ ಅಂಗಳದಲ್ಲಿ ನಿಂತಿತ್ತು. ಮಾವನವರ ತರುವಾಯ ಅದು ನಮ್ಮ ಮನೆಯವರ ಪಾಲಿಗೆ ಬಂತು. ಬೀಜದ ಅಂಗಡಿ ನಡೆಸುವ ಇವರು ವಾರಕ್ಕೊಮ್ಮೆ ಅದರ ಮೇಲೆ ಹಂಸಭಾವಿ, ಚಿಕ್ಕೇರೂರು ದಾಟಿ ಹಾನಗಲ್ಲಿನವರೆಗೆ ಹೋಗಿ, ಹೊಲಗಳಲ್ಲಿ ಮೊಳಕೆ ನೋಡಿ, ಅಲ್ಲಿನ ಗೆಳೆಯರ ಜೊತೆ ಗಿರಮಿಟ್ಟು ತಿಂದು ಬರುತ್ತಿದ್ದರು. ಹೋದ ಮಳೆಗಾಲದ ಹಿಂದಿನ ಮಳೆಗಾಲದವರೆಗೆ.

ಆ ದಿನ ನಡೆದದ್ದನ್ನು ತಿಳಿಯಬೇಕಾದರೆ ನೀವು ಸ್ವಲ್ಪ ಯಂತ್ರಶಾಸ್ತ್ರ ಸಹಿಸಿಕೊಳ್ಳಬೇಕು. ನಾನು ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ. ಇಂಜಿನ್ನಿನೊಳಗೆ ಒಂದು ದಿಮ್ಮಿ ಮೇಲೆ ಕೆಳಗೆ ಓಡಾಡುತ್ತದೆ, ಅದರ ಹೆಸರು ಪಿಸ್ಟನ್. ಅದು ಪೆಟ್ರೋಲಿನ ಆವಿಯನ್ನು ಒತ್ತುತ್ತ ತುದಿ ಮುಟ್ಟಲು ಇನ್ನೇನು ಉಗುರಿನ ದಪ್ಪದಷ್ಟು ಬಾಕಿ ಇರುವಾಗ ಕಿಡಿ ಹಾರಬೇಕು. ಎಣ್ಣೆ ಕಾದ ಹದಕ್ಕೆ ಸಾಸಿವೆ ಬಿದ್ದಂತೆ. ಕಿಡಿ ತಡವಾದರೆ ಇಂಜಿನ್ ಒಳಗೊಳಗೇ ಬೆಂದು ಮುನಿಸಿಕೊಳ್ಳುತ್ತದೆ. ಬೇಗನೆ ಹಾರಿದರೆ ಮೇಲೇರುವ ಪಿಸ್ಟನ್ನನ್ನು ಬೆಂಕಿ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯೆಲ್ಲ ಕಿಕ್ಕರಿನ ಮೂಲಕ ಒದೆಯುವವರ ಅಂಗಾಲಿಗೆ ಬಂದು ತಲುಪುತ್ತದೆ. ಕಿಡಿಯ ಹೊತ್ತನ್ನು ನಿರ್ಧರಿಸುವ ಒಂದು ಸಣ್ಣ ತಟ್ಟೆಯ ತಿರುಪು ಸಡಿಲಾಗಿತ್ತು, ತಟ್ಟೆ ಜರುಗಿತ್ತು, ಯಾರಿಗೂ ಗೊತ್ತಿರಲಿಲ್ಲ. ಇವರು ಒದ್ದರು. ಗಾಡಿ ತಿರುಗಿ ಒದೆಯಿತು. ನಾನು ಅಡುಗೆಮನೆಯಲ್ಲಿದ್ದೆ, ಒಣ ತೊಗರಿಕಟ್ಟಿಗೆ ಮುರಿದಂಥ ಸದ್ದು ಕೇಳಿ, ಅತ್ತೆ ಒಲೆಗೆಂದು ಕಟ್ಟಿಗೆ ಮುರಿಯುತ್ತಿರಬೇಕು ಎಂದುಕೊಂಡೆ. ನಮ್ಮ ಮನೆಯಲ್ಲಿ ಕಟ್ಟಿಗೆಯ ಒಲೆ ತೆಗೆದು ಎಷ್ಟೋ ವರ್ಷವಾಗಿದೆ ಎಂಬುದು ನೆನಪಾದದ್ದು ಆಮೇಲೆ.

ಹುಬ್ಬಳ್ಳಿಯ ಡಾಕ್ಟರು ಮೊಣಕಾಲಿನ ಕೆಳಗಿನ ಎಲುಬಿಗೆ ಉಕ್ಕಿನ ಸರಳು ತೂರಿಸಿ, ಕನ್ನಡಕ ಒರೆಸುತ್ತ, "ಇದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ನಡೆಸುವ ಭರವಸೆ ನಾ ಕೊಡೂದಿಲ್ಲ" ಎಂದರು. ಅವರು ಕನ್ನಡಕ ಒರೆಸಿದ್ದು ಗಾಜು ಮಸುಕಾಗಿತ್ತೆಂದಲ್ಲ, ನಮ್ಮ ಮುಖ ನೋಡಬಾರದೆಂದು ಎಂಬುದನ್ನು ನಾನು ಗಮನಿಸಿದೆ. ಇಂಥದ್ದನ್ನೆಲ್ಲ ಗಮನಿಸುವುದು ನನ್ನ ಕೆಟ್ಟ ಚಾಳಿ.

ಈ ಸಲ ಗೋವಿನಜೋಳದ ಒಕ್ಕಲು ಮುಗಿದ ಹೊತ್ತಿಗೆ ಒಂದು ಬೆಳಿಗ್ಗೆ ಇವರು ಊರುಗೋಲನ್ನು ಗೋಡೆಗೆ ಒರಗಿಸಿ, ಗಾಡಿಯ ಮೇಲಿನ ಗೋಣಿಚೀಲ ಎಳೆದರು.

"ಶೈಲಾ, ಕಿಡೀ ಟೈಮಿಂಗ್ ನೋಡಬೇಕು. ನೀ ಬೇಕಾಗ್ತೀ."

"ನಾ ಯಾಕ್ರೀ? ಬಂಕಾಪುರದ ಮೆಕ್ಯಾನಿಕ್ ಇದ್ನಲ್ರೀ?"

"ಅಂವ ಈಗ ಮೊಬೈಲ್ ಕವರ್ ಮಾರಾಕತ್ತಾನ. ನನಗ ಕೆಳಗ ಬಗ್ಗಾಕ ಆಗಂಗಿಲ್ಲ. ನಿನ್ನ ಬೆರಳು ಸಣ್ಣವು, ಕಣ್ಣು ಚುರುಕು. ಅಕ್ಕ್ಯಾಗಿನ ಹರಳು ನಿನ್ನ ಕೈಯಾಗಿಂದ ತಪ್ಪಿಸ್ಕೊಂಡದ್ದ ಇಲ್ಲ."

ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಕಾಲಾಗ ಸರಳ ಹೊಕ್ಕರೂ ತಲ್ಯಾಗ ಬುದ್ಧಿ ಹೊಗಲಿಲ್ಲ ನೋಡವಾ. ಈ ಸಲ ಮುರಕೊಂಡ್ರ ಡಾಕ್ಟರ್ ಕಡೆ ಹೋಗೂದು ಬ್ಯಾಡ. ಕಿಟಕೀ ಸರಳ ಒಂದು ಕಿತ್ತು ಕೊಡ್ತೇನಿ."

"ಅವ್ವಾ, ಟೈಮಿಂಗ್ ಸರಿ ಇದ್ರ ಅದು ಹೊಳ್ಳಿ ಒದಿಯಂಗಿಲ್ಲ."

"ಹೌದಪ. ಅದನ್ನ ನಿನ್ನ ಕಾಲಿಗಿ ಹೇಳು."

ಆದರೂ ಇವರನ್ನು ತಡೆಯಲು ನನಗೆ ಬಾಯಿ ಬರಲಿಲ್ಲ. ಒಂದು ಕಾಲದಲ್ಲಿ ಹೊಲಹೊಲ ತಿರುಗುತ್ತಿದ್ದ ಮನುಷ್ಯ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಹಾದುಹೋಗುವ ಪ್ರತಿ ಗಾಡಿಯ ಸದ್ದಿಗೆ ಕತ್ತು ಹೊರಳಿಸುವುದನ್ನು ಎರಡು ಮಳೆಗಾಲ ನೋಡಿದ್ದೆ.

ಕೆಲಸದ ಕ್ರಮ ಹೀಗೆ. ಇವರು ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಒಂದು ಸೈಕಲ್ ಕಡ್ಡಿ ಇಳಿಬಿಟ್ಟು, ಗಾಡಿಯನ್ನು ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತಾರೆ. ಪಿಸ್ಟನ್ ಏರಿದಂತೆ ಕಡ್ಡಿಯೂ ಏರುತ್ತದೆ. ಕಿಡಿ ಹಾರಬೇಕಾದ ಜಾಗಕ್ಕೆಂದು ಕಡ್ಡಿಯ ಮೇಲೆ ಎಳೆದ ಗೀಟು ಬಂದ ಕಡೆ ಗಾಲಿ ಹಿಡಿದು ನಿಲ್ಲುತ್ತಾರೆ. ದಾಟಿದರೆ ಸುಮ್ಮನೆ ಹಿಂದಕ್ಕೆ ಜಗ್ಗುವಂತಿಲ್ಲ. ಹಲ್ಲುಗಾಲಿಗಳ ನಡುವಿನ ಸಡಿಲು ಸುಳ್ಳು ಹೇಳಿಸುತ್ತದೆ. ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬರಬೇಕು. ಈಗ ಕೆಳಗೆ ಮಣೆಯ ಮೇಲೆ ಕೂತ ನನ್ನ ಸರದಿ. ಇಂಜಿನ್ನಿನ ಮಗ್ಗುಲಲ್ಲಿ ಒಂದು ಕರಿಯ ಡಬ್ಬಿ, ಅದರೊಳಗೆ ಒಂದಕ್ಕೊಂದು ತುಟಿ ಒತ್ತಿ ಕೂತ ಎರಡು ಪುಟ್ಟ ಲೋಹದ ಬಿಲ್ಲೆಗಳು. ಅವು ಅಗಲಿದ ಕ್ಷಣವೇ ಕಿಡಿಯ ಕ್ಷಣ. ಅವುಗಳ ನಡುವೆ ಬಂಗಾರದಂಗಡಿಯ ಗುಲಾಬಿ ಕಾಗದದ ಒಂದು ಎಳೆ ಸಿಕ್ಕಿಸಿ, ಎಡಗೈಯಿಂದ ಅದನ್ನು ಮೆತ್ತಗೆ ಎಳೆಯುತ್ತ, ಬಲಗೈಯಿಂದ ತಟ್ಟೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಬೇಕು. ಕಾಗದ ಬಿಟ್ಟು ಬಂತೋ, ಅಲ್ಲೇ ನಿಲ್ಲಿಸಿ ತಿರುಪು ಬಿಗಿಯಬೇಕು. ತಿರುಗಿಸಿದ್ದು ಒಂದು ಕೂದಲು ಹೆಚ್ಚಾದರೆ ಕಿಡಿ ಬೇಗ. ಅಂದರೆ ಕಾಲು.

ಸೀರೆಯ ಅಂಚಿಗೆ ಕುಸುರಿ ಹಾಕಿದ ಬೆರಳುಗಳಿಗೆ ಇದು ಕಷ್ಟದ ಕೆಲಸವೇ ಅಲ್ಲ. ಆದರೆ ಕುಸುರಿ ತಪ್ಪಿದರೆ ಬಿಚ್ಚಬಹುದು. ಬೆರಳ ತುದಿಯಲ್ಲಿ ನನಗೆ ಕಾಗದ ಕಾಣಿಸುತ್ತಿರಲಿಲ್ಲ. ನನ್ನ ಕಿವಿಯ ಪಕ್ಕದಲ್ಲೇ ನಿಂತಿದ್ದ, ಧೋತರದ ಕೆಳಗೆ ಉದ್ದ ಗಾಯದ ಗುರುತಿದ್ದ ಆ ಮೀನಖಂಡ ಕಾಣಿಸುತ್ತಿತ್ತು. ಅಂಗೈ ಬೆವೆತು ಎರಡು ಕಾಗದ ಹರಿದವು. ಮೂರನೆಯದು ಸಡಿಲಾಯಿತು. ತಿರುಪು ಬಿಗಿದೆ.

"ಬಿಡ್ತ?"

"ಬಿಡ್ತ್ರೀ."

ಇವರು ಕಿಕ್ಕರಿನ ಮೇಲೆ ಕಾಲಿಟ್ಟಾಗ ನಾನು ಅಡುಗೆಮನೆಗೆ ಓಡಿ ಮಿಕ್ಸರ್ ಹಚ್ಚಿದೆ. ಒಳಗೆ ಏನೂ ಹಾಕಿರಲಿಲ್ಲ. ಮಿಕ್ಸರ್ ನಿಲ್ಲಿಸಿದಾಗ ಹೊರಗೆ ಗಾಡಿ ಡುಗ್ಗು ಡುಗ್ಗು ಎನ್ನುತ್ತಿತ್ತು. ಬೆಕ್ಕಿನ ಮರಿಯಂತೆ ಮೃದುವಾಗಿ ಎದ್ದಿತ್ತಂತೆ. ಆ ದಿನ ನನ್ನಷ್ಟು ಹೆಮ್ಮೆಯ ಮೆಕ್ಯಾನಿಕ್ ತಾಲೂಕಿನಲ್ಲಿ ಇದ್ದಿರಲಿಕ್ಕಿಲ್ಲ.

ಹೆಮ್ಮೆ ಸಂಜೆಯವರೆಗೆ ಬಾಳಿತು. ಚಿಕ್ಕೇರೂರಿಗೆ ಹೋಗಿಬರುತ್ತೇನೆಂದು ಹೊರಟವರು ದೀಪ ಹಚ್ಚುವ ಹೊತ್ತಿಗೆ ಒಂದು ಟಂಟಂ ರಿಕ್ಷಾದಲ್ಲಿ ಗಾಡಿಯನ್ನು ಮಲಗಿಸಿಕೊಂಡು ಬಂದರು. ದಾರಿಯಲ್ಲಿ ಇಂಜಿನ್ ಕಾದು ಕೆಂಡವಾಗಿ, ಶಕ್ತಿಗುಂದಿ, ಒಂದು ತಿರುವಿನಲ್ಲಿ ನಿಂತೇಬಿಟ್ಟಿತ್ತು. ಇವರು ಕುಂಟುತ್ತ ಅದನ್ನು ದಂಡೆಗೆ ದಬ್ಬುತ್ತಿರುವಾಗ ದೀಪವಿಲ್ಲದ ಒಂದು ಟ್ರ್ಯಾಕ್ಟರ್ ಹಿಂದಿನಿಂದ ಬಂದು ಹ್ಯಾಂಡಲನ್ನು ಸವರಿಕೊಂಡು ಹೋಗಿತ್ತು.

"ಕನ್ನಡಿ ಅಷ್ಟ ಹೋತು" ಎಂದು ಇವರು ನಕ್ಕರು. ಕನ್ನಡಿ ಇದ್ದ ಜಾಗಕ್ಕೂ ಮೊಣಕೈಗೂ ಇದ್ದ ದೂರವನ್ನು ನಾನು ನೋಡಿದೆ. ಗೇಣಿಗೂ ಕಡಿಮೆ. ಹೊಗೆ ಉಗುಳುವ ಕೊಳವೆಯ ಬುಡ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತ್ತು. ನೋಡಲು ಚೆಂದವಾಗಿಯೇ ಇತ್ತು.

ಮರುದಿನ ಮತ್ತೆ ಸೈಕಲ್ ಕಡ್ಡಿ, ಮತ್ತೆ ಗುಲಾಬಿ ಕಾಗದ. ಗೀಟು ಬಂದು ನಿಂತರೂ ಕಾಗದ ಬಿಗಿಯಾಗಿಯೇ ಇತ್ತು. ಪಿಸ್ಟನ್ ತುದಿ ಮುಟ್ಟಿ ಇಳಿಯತೊಡಗಿದ ಮೇಲೆ ಬಿಟ್ಟಿತು; ಅಂದರೆ ಕಿಡಿ ತಡ.

"ಶೈಲಾ, ನಿನ್ನೆ ಕಾಗದ ಖರೇನ ಬಿಟ್ಟಿತ್ತ?"

"ಬಿಟ್ಟಂಗ ಅನಸ್ತ್ರೀ."

"ಅನಸ್ತೋ, ಬಿಡ್ತೋ?" ಅವರು ಸಿಟ್ಟಾಗಲಿಲ್ಲ. "ಕಾಗದ ಬಿಡೂಕಿಂತ ಮೊದಲ ನೀ ಬಿಟ್ಟಿ."

"ಬಿಡದ ಏನ ಮಾಡ್ತಾಳ?" ಎಂದರು ಅತ್ತೆ. "ಇಂಥಾ ಕಾಲು ಬಾಜೂಕ ನಿಂತಿದ್ರ ಯಾರರೆ ಬಿಡ್ತಾರ. ನಾ ಆಗಿದ್ರ ಮಣೀನೂ ಬಿಟ್ಟು ಎದ್ದು ಹೋಗ್ತಿದ್ದೆ."

ಯೋಚಿಸಿದರೆ, ನಾನು ಬದುಕಿದ್ದೇ ಹೀಗೆ. ಹಾಲು ಉಕ್ಕೀತೆಂದು ಉಕ್ಕುವ ಮುನ್ನವೇ ಒಲೆ ಆರಿಸುತ್ತೇನೆ. ಸಂಜೆಗೆ ಅದು ಒಡೆದು ಕೂತಿರುತ್ತದೆ. ಹಾವೇರಿಯಲ್ಲಿ ರೈಲು ತಪ್ಪೀತೆಂದು ನಾನು ಹೊರಡಿಸುವ ಹೊತ್ತಿಗೆ ಹಿಂದಿನ ರೈಲೇ ಇನ್ನೂ ಬಂದಿರುವುದಿಲ್ಲ; ಆ ಅವಸರದಲ್ಲಿ ಒಮ್ಮೆ ಹಿತ್ತಲ ಬಾಗಿಲು ತೆರೆದಿಟ್ಟೇ ಹೋಗಿ, ಸವಣೂರಿನ ಮದುವೆಯ ಊಟದ ನಡುವೆ ನೆನಪಾಗಿ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದಿದ್ದೆ. ಭಯ ತಾನು ಜಾಗ್ರತೆಯೆಂದು ಹೇಳಿಕೊಂಡು ಮನೆಯೊಳಗೆ ಬರುತ್ತದೆ. ಅದಕ್ಕೆ ಒಂದೇ ದಿಕ್ಕು ಕಾಣುತ್ತದೆ. ಆ ದಿಕ್ಕಿನಿಂದ ದೂರ ಸರಿದರಾಯಿತು, ಬೆನ್ನ ಹಿಂದೆ ಬಾವಿಯಿದ್ದರೂ ಸರಿಯೇ. ಕಿಕ್ಕರಿನಿಂದ ಇವರ ಕಾಲನ್ನು ಉಳಿಸಿದ ನನ್ನ ಬೆರಳುಗಳು ಇವರನ್ನು ಇಡಿಯಾಗಿ ಟ್ರ್ಯಾಕ್ಟರಿನ ಮುಂದೆ ನಿಲ್ಲಿಸಿದ್ದವು. ಹೆಚ್ಚಲ್ಲ, ಕಡಿಮೆಯಲ್ಲ, ಅಷ್ಟೇ ಎಂಬ ಜಾಗವೊಂದಿದೆ. ಅಲ್ಲಿ ನಿಲ್ಲುವುದಕ್ಕೆ ಬೇಕಾದದ್ದು ಧೈರ್ಯವೂ ಅಲ್ಲವೇನೋ. ನಿಜವನ್ನು ಬೆರಳ ತುದಿಯಲ್ಲಿ ಬಂದಂತೆ ಬರಗೊಡುವ ಸೈರಣೆ.

ಆ ಸೈರಣೆ ನನಗೆ ಬಂತೆಂದು ಹೇಳಿದರೆ ನೀವು ನಂಬಬೇಡಿ. ಎರಡನೆಯ ಸಲ ಹರಿದದ್ದು ನಾಲ್ಕು ಕಾಗದ. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ಮೀನಖಂಡ ಮರೆಯಾಗಿ ಕಾಗದವಷ್ಟೇ ಉಳಿಯಿತು. ಬಿಗಿ, ಬಿಗಿ, ಇನ್ನೂ ಬಿಗಿ, ಬಿಟ್ಟಂತೆ ಅನ್ನಿಸಿತು, ನಿಲ್ಲಿಸಲಿಲ್ಲ, ಮತ್ತೊಂದು ಕೂದಲೆಳೆ, ಆಗ ಕಾಗದ ಎಳೆಯಲೇ ಇಲ್ಲವೆಂಬಂತೆ ತಾನಾಗಿ ಕೈಗೆ ಬಂತು. ತಿರುಪು ಬಿಗಿದೆ. ಇವರು ಗಾಲಿಯನ್ನು ಹಿಂದೆ ಮುಂದೆ ಮಾಡಿ ಮತ್ತೆ ಪರೀಕ್ಷಿಸಿದರು. ಗೀಟು ಬಂದಲ್ಲೇ ಕಾಗದ ಬಿಟ್ಟಿತು. ಪ್ಲಗ್ಗು ಕೂರಿಸಿದರು.

"ಬಾಜೂಕ ಸರೀರಿ. ನಾ ಒದೀತೇನಿ" ಎಂದೆ.

"ಏನಂದಿ?"

"ತಟ್ಟೆ ತಿರುಗಿಸಿದಾಕಿ ನಾ. ತಪ್ಪಿದ್ರ ನನ್ನ ಕಾಲಿಗೆ ಬರಲಿ."

"ಸೀರ್ಯಾಗ?" ಅತ್ತೆ ಅವರೆಕಾಯಿ ಬುಟ್ಟಿ ಸರಿಸಿ ಎದ್ದು ಬಂದರು. "ತಡಿ, ಕಚ್ಚಿ ಹಾಕ್ತೇನಿ" ಎಂದು ನನ್ನ ನೆರಿಗೆಗಳನ್ನು ಹಿಂದಕ್ಕೆಳೆದು, ಹೊಲಕ್ಕೆ ಹೊರಟ ಹೆಣ್ಣುಮಗಳಿಗೆ ಬಿಗಿಯುವಂತೆ ಬಿಗಿದರು.

ಇವರು ವಾದಿಸಲಿಲ್ಲ. ಹ್ಯಾಂಡಲಿನ ಕೆಳಗಿನ ಹಿಡಿ ಒತ್ತಿ ಒಳಗಿನ ಒತ್ತಡ ಬಿಡುವುದು, ಕರೆಂಟು ತೋರಿಸುವ ಮೀಟರಿನ ಮುಳ್ಳು ನಡುವೆ ಬರುವವರೆಗೆ ಕಿಕ್ಕರ್ ಇಳಿಸುವುದು, ಆಮೇಲೆ ಮೊಣಕಾಲು ಸಡಿಲಿಟ್ಟು ಪೂರ್ತಿ ತುಳಿಯುವುದು, ಎಲ್ಲವನ್ನೂ ಶಾಂತವಾಗಿ ಹೇಳಿಕೊಟ್ಟರು. ಸವೆದ ರಬ್ಬರಿನ ಮೇಲೆ ನಾನು ಮೊದಲ ಬಾರಿ ಕಾಲಿಟ್ಟೆ. ಅದು ಬೆಚ್ಚಗಿತ್ತು, ಬಿಸಿಲು ಬಿದ್ದಿತ್ತು ಅಷ್ಟೆ. ತುಳಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ತುಳಿದಾಗ ಕಾಲು ಜಾರಿ ಕಿಕ್ಕರ್ ಮೇಲಕ್ಕೆ ಚಿಮ್ಮಿತು. ನನ್ನ ಬಾಯಿಂದ ಒಂದು ಚೀತ್ಕಾರ ಹೊರಟು ಕರಿಬೇವಿನ ಮೇಲಿನ ಗುಬ್ಬಿಗಳು ಹಾರಿದವು. ಮೂರನೆಯದಕ್ಕೆ ಗಾಡಿ ಎದ್ದಿತು. ನಿನ್ನೆಯ ಬೆಕ್ಕಿನ ಮರಿಯಲ್ಲ. ತುಂಬಿದ, ಒಗ್ಗಿದ, ಎದೆಯಿಂದ ಬರುವ ಸದ್ದು. ನಾನು ಗೆದ್ದೆ, ಕಾಲು ಉಳಿಯಿತು, ಎಲ್ಲ ಮುಗಿಯಿತು ಎಂದುಕೊಂಡೆ.

ಇವರು ಕೈ ಚಾಚಿ ಗಾಡಿ ಬಂದ್ ಮಾಡಿದರು.

"ಯಾಕ್ರೀ!"

"ದಾರ್ಯಾಗ ನಿಂತ್ರ ಅಲ್ಲಿ ನೀ ಇರಂಗಿಲ್ಲಲ್ಲ, ಶೈಲಾ. ಬಾಜೂಕ ಸರಿ."

ನಾನು ಸರಿದೆ. ಈ ಸಲ ಓಡಲಿಲ್ಲ. ಅತ್ತೆಯ ತೋಳು ಹಿಡಿದು ನಿಂತೆ. ಮೀಟರಿನ ಮುಳ್ಳು ನಡುವೆ ಬಂದದ್ದು ಕಂಡಿತು. ಧೋತರ ಮೇಲೆತ್ತಿ, ಸರಳಿದ್ದ ಕಾಲನ್ನು ಅವರು ಕಿಕ್ಕರಿನ ಮೇಲಿಟ್ಟದ್ದು ಕಂಡಿತು. ಆಮೇಲೆ ಏನೂ ಕಾಣಲಿಲ್ಲ, ಏಕೆಂದರೆ ನಾನು ಕಣ್ಣು ಮುಚ್ಚಿದ್ದೆ.

ಡಬ್ಬೆಂದು ಒಂದು ಸದ್ದು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು, ಆಮೇಲೆ ಬಿಡುವಿಲ್ಲದೆ. ಆದರೂ ನನಗೆ ಧೈರ್ಯವಾಗಲಿಲ್ಲ. ಗಾಡಿ ಎದ್ದರೆ ಕಾಲು ಉಳಿದಿದೆ ಎಂದು ಎಲ್ಲಿ ಬರೆದಿದೆ? ಅತ್ತೆ ನನ್ನ ಗಲ್ಲ ಹಿಡಿದು ಅಲುಗಿಸಿದರು.

"ಏ, ಕಣ್ಣ ತಗಿಯವಾ. ಕಾಲ ಅದಾವು. ಎರಡೂ ಅದಾವು."

ತೆರೆದೆ. ಇದ್ದವು. ಒಂದು ಗೇರಿನ ಮೇಲೆ, ಒಂದು ನೆಲದ ಮೇಲೆ. ಇವರು ಊರುಗೋಲನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು, "ಹಾನಗಲ್ ತನಕ ಹೋಗಿ ಬರ್ತೇನಿ" ಎಂದು ಹೊರಟರು. ಸದ್ದು ಓಣಿ ದಾಟಿ, ಪೇಟೆ ದಾಟಿ, ಹಂಸಭಾವಿಯ ದಾರಿಯಲ್ಲಿ ತೆಳುವಾಗುವವರೆಗೆ ನಾನು ಕಚ್ಚೆಯಲ್ಲೇ ನಿಂತಿದ್ದೆ. ನನ್ನ ಭಯವೂ ಅಂಗಳದಲ್ಲಿ ಉಳಿಯಲಿಲ್ಲ. ಹಿಂದಿನ ಸೀಟಿನಲ್ಲಿ, ಊರುಗೋಲಿನ ಪಕ್ಕದಲ್ಲಿ, ಒಂದು ಬದಿಗೆ ಕಾಲು ಇಳಿಬಿಟ್ಟು ಕೂತು ಅವರ ಜೊತೆಗೇ ಹೋಯಿತು. ಸಂಜೆ ಇಬ್ಬರೂ ಬರಬೇಕು. ಒಳಗೆ ಹೋಗಿ ಹಾಲಿಟ್ಟು, ಅದು ಉಕ್ಕಿ ಅಂಚಿಗೆ ಬರುವವರೆಗೆ ಎದುರಿಗೇ ನಿಂತೆ.